ಟೆರೇಸಿನ ಮೂಲೆಯ ತೂತು

ನಮ್ಮ ಮನೆಯ ಟೆರೇಸಿನ ಮೂಲೆಯಲ್ಲಿ ಒಂದು ತೂತು ಉಂಟು. ಮಳೆನೀರು ಹೋಗ್ಲಿಕ್ಕೆ ಇಟ್ಟದ್ದು, ಒಂದು ತೆಂಗಿನ ಗೆರಟೆ ಅಡ್ಡ ಕೂತರೆ ಮುಚ್ಚಿಹೋಗುವಷ್ಟು ಸಣ್ಣದು. ಮನೆ ಒಕ್ಕಲಿನ ದಿನ ಬಾಗಿಲಿಗೆ ಮಾವಿನೆಲೆ ಕಟ್ಟಿದರು, ನೀರಿನ ಟ್ಯಾಂಕಿಗೂ ಗಂಧದ ಬೊಟ್ಟು ಇಟ್ಟರು, ಈ ತೂತಿನ ಕಡೆ ಮಾತ್ರ ಯಾರೂ ತಿರುಗಿ ನೋಡಿದ್ದಿಲ್ಲ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದೇ ಇರ್ತದೆ. ಇದನ್ನು ಓದಿ ಮುಗಿಸಿದ ಮೇಲೆ ಒಮ್ಮೆ ಮೇಲೆ ಹೋಗಿ ಅದರ ಕ್ಷೇಮ ವಿಚಾರಿಸಿ ಬನ್ನಿ. ನಾನು ವಿಚಾರಿಸಿದೆ, ಆದರೆ ವಿಚಾರಿಸಿದ ರೀತಿ ಸ್ವಲ್ಪ ತಪ್ಪಿತು.

ಹೇಳಿ ಕೇಳಿ ನಮ್ಮದು ಮಂಗಳೂರು. ಜೂನ್ ಬಂದರೆ ಆಕಾಶವೇ ಕೊಡೆ ಹಿಡಿದುಕೊಳ್ಳಬೇಕಾದ ಊರು. ಇಂಥಲ್ಲಿ ಹಿಂದಿನವರು ಹಂಚಿನ ಮಾಡು ಕಟ್ಟಿಸಿ, ಬಂದ ನೀರನ್ನು ಬಂದ ಹಾಗೆಯೇ ಎರಡೂ ಬದಿಗೆ ಜಾರಿಸಿ ಕಳಿಸ್ತಿದ್ದರು. ನನ್ನ ಅಪ್ಪನಿಗೆ ಕೆಲಸ ಬಹ್ರೈನಿನಲ್ಲಿ. ಅಲ್ಲಿ ಮಳೆ ಬಂದರೆ ಜನ ಹೊರಗೆ ಬಂದು ಫೋಟೋ ತೆಗೀತಾರಂತೆ. ಅಲ್ಲಿಯ ಚಪ್ಪಟೆ ಮನೆಗಳನ್ನು ನೋಡಿ ನೋಡಿ ಮನಸೋತ ಅಪ್ಪ, ಕದ್ರಿಯ ಗುಡ್ಡದ ಇಳಿಜಾರಿನಲ್ಲಿ, ನೆಲವೇ ನೆಟ್ಟಗಿಲ್ಲದ ಜಾಗದಲ್ಲಿ, ಚಪಾತಿ ಹಾಗೆ ಚಪ್ಪಟೆಯಾದ ಟೆರೇಸು ಎಬ್ಬಿಸಿದರು. ಅಕ್ಕಪಕ್ಕದವರೆಲ್ಲ ಕ್ರಮೇಣ ಬುದ್ಧಿ ಕಲಿತು ತಮ್ಮ ಟೆರೇಸಿನ ಮೇಲೆ ಶೀಟು ಹಾಕಿಸಿದರು. ನಮ್ಮದು ಮಾತ್ರ ಇಡೀ ಓಣಿಯಲ್ಲಿ ಬೋಳುತಲೆಯಲ್ಲಿ ನೆನೆಯುತ್ತಾ ನಿಂತಿದೆ.

ಆ ಬೋಳುತಲೆಯ ನೇರ ಕೆಳಗೆ ಅಮ್ಮನ ಹೊಲಿಗೆ ಕೋಣೆ. ಅಮ್ಮ ಮದುವೆ ರವಿಕೆ ಹೊಲಿಯುವವಳು. ಊರಿನ ಅರ್ಧ ಮದುಮಗಳಂದಿರ ರೇಷ್ಮೆ, ಜರಿ, ಮಣಿಗಳೆಲ್ಲ ಏಪ್ರಿಲ್, ಮೇ ತಿಂಗಳಲ್ಲಿ ಆ ಕೋಣೆಯಲ್ಲೇ ತೂಗ್ತಾ ಇರ್ತವೆ. ಬೇರೆಯವರ ವಸ್ತು ಇಟ್ಟುಕೊಂಡು ಮಲಗಿದರೆ ನಿದ್ರೆ ಬರುವುದಿಲ್ಲ ಅಂತ ಈ ವರ್ಷ ಮನೆಗೂ ಕೋಣೆಯ ಸಾಮಾನಿಗೂ ಸೇರಿಸಿ ಇನ್ಶೂರೆನ್ಸ್ ಮಾಡಿಸ್ಲಿಕ್ಕೆ ಹೊರಟಳು. ಕಂಪೆನಿಯವರು, ಮನೆ ಹಳೆಯದು, ಮಾಡು ಚಪ್ಪಟೆ, ನಮ್ಮ ಎಂಜಿನಿಯರ್ ಬಂದು ನೋಡಿ ಸರಿ ಅಂದರೆ ಮಾತ್ರ ಪಾಲಿಸಿ ಅಂದರು. ಅಮ್ಮ ಒಂದೇ ಮಾತು ಹೇಳಿದಳು. "ಸರಿ ಇಲ್ಲ ಅಂತ ಆದ್ರೆ ನಾನು ಕೋಣೆ ಮುಚ್ತೇನೆ ಮಗ. ಯಾರದ್ದೋ ಮದುವೆ ಸೀರೆ ಮೇಲೆ ನಮ್ಮ ಮನೆ ನೀರು ಬಿದ್ರೆ ನಾನು ಅವರ ಮುಖ ಹೇಗೆ ನೋಡುದು?" ಅಮ್ಮನ ಮಿಷಿನ್ನಿನ ಶಬ್ದ ಇಲ್ಲದ ಮನೆಯನ್ನು ನಾನು ಕಲ್ಪನೆ ಮಾಡಿ ನೋಡಿದೆ. ಅಂಥ ಮನೆಯಲ್ಲಿ ನನ್ನ ಸೋಮಾರಿತನ ಬಹಳ ದೊಡ್ಡದಾಗಿ ಕೇಳಿಸಬಹುದು ಅಂತ ಅನ್ನಿಸಿತು.

ಹಾಗಾಗಿ ಎಂಜಿನಿಯರ್ ಬರುವ ಹಿಂದಿನ ದಿನ ಟೆರೇಸು ತೊಳೆಯುವ ಭಾರವನ್ನು, ಯಾರೂ ಹೇಳದೆಯೇ, ನಾನೇ ಹೊತ್ತುಕೊಂಡೆ. ನಾನು ಹೊತ್ತ ಭಾರಗಳ ಇತಿಹಾಸ ಗೊತ್ತಿದ್ದ ಅಮ್ಮ "ಬೇಡ" ಅಂದಳು, ನಾನು ಕೇಳಲಿಲ್ಲ. ಬ್ಲೀಚಿಂಗ್ ಪೌಡರ್ ಸುರಿದೆ, ಹಿಡಿಸೂಡಿಯಲ್ಲಿ ಪಾಚಿ ಉಜ್ಜಿದೆ, ಎರಡು ಸಲ ಜಾರಿ ಕೂತೆ. ಆಗ ನೆನಪಾಯಿತು: ತೂತಿನ ಪೈಪು ಇಳಿಯುವುದು ನೆರೆಮನೆಯ ಫ್ಲೇವಿಯಾ ಬಾಯಿಯ ಮಲ್ಲಿಗೆ ಗಿಡದ ಚಟ್ಟಿಗಳ ಬುಡಕ್ಕೆ. ಅವರು ಆ ಮಲ್ಲಿಗೆಯನ್ನು ಕಟ್ಟಿ ಮಾರ್ತಾರೆ. ಬ್ಲೀಚಿಂಗ್ ನೀರು ಬಿದ್ದರೆ ಗಿಡ ಸಾಯ್ತದೆ. ಗಿಡ ಸತ್ತರೆ ನಾನು ಬದುಕುವುದು ಸಂಶಯ. ಕೂಡಲೇ ಒಂದು ತೆಂಗಿನ ಸಿಪ್ಪೆಗೆ ನನ್ನ ಹಳೇ ಲುಂಗಿ ಸುತ್ತಿ, ತೂತಿಗೆ ಇಟ್ಟು, ಕಾಲಿನಿಂದ ತುಳಿದು ಬಿಗಿ ಮಾಡಿದೆ. ಕೊಳೆ ನೀರನ್ನೆಲ್ಲ ಬಕೆಟಿನಲ್ಲಿ ಮೊಗೆದು ಹೊತ್ತು ಕೆಳಗೆ ಚರಂಡಿಗೆ ಹಾಕಿ ಬಂದೆ. ಇಷ್ಟು ಜವಾಬ್ದಾರಿಯ ಕೆಲಸ ಜೀವನದಲ್ಲಿ ಮಾಡಿದ್ದೇ ಇಲ್ಲ ಅಂತ ಹೆಮ್ಮೆಪಟ್ಟು ಸ್ನಾನ ಮಾಡಿ ಮಲಗಿದೆ. ಸಿಪ್ಪೆ ಅಲ್ಲೇ ಇತ್ತು.

ರಾತ್ರಿ ಮಳೆ ಬಂತು. ಸಾಧಾರಣ ಮಳೆ ಅಲ್ಲ, ಇಡೀ ಬೇಸಿಗೆಯ ಬಾಕಿಯನ್ನು ಒಂದೇ ಸಲ ತೀರಿಸುವಂಥದ್ದು. ಬೆಳಿಗ್ಗೆ ಎಂಜಿನಿಯರ್ ಬಂದರು. ಪುತ್ತೂರು ಕಡೆಯವರು, ಇಸ್ತ್ರಿ ಹಾಕಿದ ಪ್ಯಾಂಟು, ಹೊಳೆಯುವ ಶೂ, ಕೈಯಲ್ಲಿ ಟಾರ್ಚ್ ಮತ್ತು ಒಂದು ಸಣ್ಣ ಸುತ್ತಿಗೆ. "ನೋಡಿ ಸರ್, ಕ್ಲೀನ್ ಮಾಡಿ ಇಟ್ಟಿದ್ದೇನೆ" ಅಂತ ಹೇಳ್ತಾ ನಾನು ಟೆರೇಸಿನ ಬಾಗಿಲು ತೆಗೆದೆ. ಎದುರಿಗೆ ಸರೋವರ. ಅದರಲ್ಲಿ ನನ್ನ ಬಕೆಟು ಮುಂದೆ, ಹಿಡಿಸೂಡಿ ಹಿಂದೆ, ಕೊನೆಗೆ ನನ್ನ ಒಂದು ಚಪ್ಪಲಿ, ಮೆರವಣಿಗೆಯಲ್ಲಿ ಹೊರಟಿದ್ದವು.

"ಎಂತ ಮಾರಾಯ್ರೆ, ನಾನು ಮಾಡು ನೋಡ್ಲಿಕ್ಕೆ ಬಂದದ್ದು. ಇದು ಕೆರೆ ಅಲ್ವಾ?"

"ರಾತ್ರಿ ಸ್ವಲ್ಪ ಮಳೆ ಬಂತು ಸರ್."

"ಮಳೆ ನಮ್ಮಲ್ಲಿಗೂ ಬಂದಿದೆ. ನಮ್ಮಲ್ಲಿ ಬಕೆಟ್ ತೇಲ್ತಾ ಇಲ್ಲ. ನೀವು ಬೇಕಂತ ನಿಲ್ಲಿಸಿದ್ದಾ?"

"ಹೌದು ಸರ್, ಟೆಸ್ಟಿಂಗ್" ಅಂದೆ ನಾನು.

"ಇಲ್ಲ ಸರ್, ಮರೆತದ್ದು" ಅಂದಳು ಹಿಂದಿನಿಂದ ಅಮ್ಮ.

ಎಂಜಿನಿಯರ್ ಇಬ್ಬರನ್ನೂ ನೋಡಿ ನಕ್ಕರು. "ಬೇಕಂತ ನಿಲ್ಲಿಸಿದ್ರೂ ಮರೆತು ನಿಲ್ಲಿಸಿದ್ರೂ ನೀರಿಗೆ ಎಲ್ಲ ಒಂದೇ ಅಮ್ಮ. ನೀರು ಕಟ್ಟಿ ನಿಲ್ಲಿಸಿ, ಸೋರ್ತದಾ ನೋಡುವ ಅಂತ ನಾನು ಹೇಳಿದ್ರೆ ಜನ ಜಗಳಕ್ಕೆ ಬರ್ತಾರೆ. ಇಲ್ಲಿ ಎಲ್ಲ ರೆಡಿ ಉಂಟು. ಕೆಳಗೆ ಹೋಗುವ. ಕೋಣೆಯಲ್ಲಿ ಒಂದು ಹನಿ ಕಂಡ್ರೆ ಮಾತ್ರ ನನ್ನಿಂದ ಆಗುದಿಲ್ಲ, ಈಗಲೇ ಹೇಳಿದ್ದೇನೆ."

ಆ ಮೆಟ್ಟಿಲುಗಳನ್ನು ನಾನು ಸಣ್ಣಂದಿನಿಂದ ಇಳಿದಿದ್ದೇನೆ. ಅವತ್ತು ಮಾತ್ರ ಅವು ಮುಗಿಯಲೇ ಇಲ್ಲ. ಕೋಣೆಯಲ್ಲಿ ಟಾರ್ಚಿನ ಬೆಳಕು ಮೂಲೆಯಿಂದ ಮೂಲೆಗೆ ಹೋಯಿತು. ಒಣ. ತೊಲೆಯ ಬದಿ, ಒಣ. ಅಮ್ಮ ಒಂದು ಹಸಿರು ರವಿಕೆಯನ್ನು ಮಗುವಿನ ಹಾಗೆ ಎದೆಗೆ ಹಿಡಿದು ನಿಂತಿದ್ದಳು. ಬೆಳಕು ಫ್ಯಾನಿನ ಪಕ್ಕ ಬಂದು ಗಕ್ಕನೆ ನಿಂತಿತು. ಅಲ್ಲಿ ಅಂಗೈಯಗಲದ ಕಂದುಕೆಂಪು ಕಲೆ.

"ಇದು ತುಕ್ಕು" ಅಂದರು ಎಂಜಿನಿಯರ್, ನಗು ನಿಲ್ಲಿಸಿ. "ಒಳಗೆ ಕಬ್ಬಿಣ ಹೋಗಿದೆ."

"ಅದು ತುಕ್ಕಲ್ಲ ಸರ್" ಅಂದಳು ಅಮ್ಮ. "ಅದು ಇವ."

"ಇವನಾ?"

"ಪುನರ್ಪುಳಿ ಹಣ್ಣಿನ ಕೆಂಪು ಹುಳಿ ಶರಬತ್ತು. ಬಾಟ್ಲಿಯಲ್ಲಿ ತುಂಬಿಸಿ ಬಿಸಿಲಲ್ಲಿಟ್ಟು ಮರೆತ. ನೆನಪಾದ ಮೇಲೆ ಇಲ್ಲಿ ತಂದು, ಚೆನ್ನಾಗಿ ಕುಲುಕಿ, ಮುಚ್ಚಳ ತೆಗೆದ. ಅವತ್ತು ನನ್ನ ಪುಣ್ಯ, ಕೋಣೆಯಲ್ಲಿ ಬಟ್ಟೆ ಇರ್ಲಿಲ್ಲ."

ಎಂಜಿನಿಯರ್ ನಂಬಲಿಲ್ಲ, ನಂಬುವುದು ಅವರ ಕೆಲಸವೂ ಅಲ್ಲ. ಯಾರಾದರೂ ಒಂದು ಲೋಟ ಇಟ್ಟರೂ ಬೈಗುಳ ಸಿಗುವ ತನ್ನ ಕಟಿಂಗ್ ಮೇಜನ್ನು ಅಮ್ಮ ತಾನೇ ಖಾಲಿ ಮಾಡಿಕೊಟ್ಟಳು. ಅವರು ಶೂ ಬಿಚ್ಚಿ ಮೇಲೆ ಹತ್ತಿ, ಸುತ್ತಿಗೆಯ ಹಿಡಿಯಿಂದ ಕಲೆಯ ಸುತ್ತ ಕುಟ್ಟಿದರು. ಗಟ್ಟಿ ಶಬ್ದ, ಒಳಗೆ ಪೊಳ್ಳಿಲ್ಲ. ಉಗುರಿನಿಂದ ಕೆರೆದು ಮೂಸಿದರು. ಆಮೇಲೆ, ದೇವರಾಣೆ, ನಾಲಿಗೆಯ ತುದಿಗೆ ತಾಗಿಸಿದರು.

"ಹುಳಿ ಉಂಟು" ಅಂದರು.

ಅಮ್ಮ ಸ್ಟೂಲಿನ ಮೇಲೆ ಕೂತುಬಿಟ್ಟಳು. ನನಗೆ ಯಾರನ್ನಾದರೂ ಅಪ್ಪಿಕೊಳ್ಳಬೇಕು ಅಂತ ಆಯಿತು. ಹತ್ತಿರ ಸಿಕ್ಕಿದ್ದು ಬಟ್ಟೆ ತೂಗುಹಾಕುವ ಕಂಬ.

ಇನ್ನು ಕೆರೆ ಖಾಲಿ ಮಾಡಬೇಕಿತ್ತು. ನಾನು ಮೇಲೆ ಹೋಗಿ ಸಿಪ್ಪೆಗೆ ಕೈ ಹಾಕುವಷ್ಟರಲ್ಲಿ ಕಂಪೌಂಡಿನ ಆಚೆಯಿಂದ ಫ್ಲೇವಿಯಾ ಬಾಯಿಯ ಸ್ವರ: "ಏ ಪುತಾ, ಬಿಡ್ಬೇಡ! ಅಷ್ಟು ನೀರು ಒಟ್ಟಿಗೆ ಬಂದ್ರೆ ನನ್ನ ಚಟ್ಟಿಗಳೆಲ್ಲ ಕೂಳೂರು ಸಂಕದ ಅಡಿಯ ಹೊಳೆಯಲ್ಲಿ ಸಿಕ್ಕೀತು!" ಇಳಿದು ಹೋಗಿ ಚಟ್ಟಿಗಳನ್ನೆಲ್ಲ ಬದಿಗೆ ಸಾಗಿಸಿದೆವು, ಪ್ಯಾಂಟು ಮಡಚಿಕೊಂಡ ಎಂಜಿನಿಯರ್ ಕೂಡ ಒಂದೊಂದಾಗಿ ಎತ್ತಿದರು. ಆಮೇಲೆ ಸಿಪ್ಪೆ ಕಿತ್ತು ನೀರು ಬಿಟ್ಟೆ. ಹೋಗುವಾಗ ಎಂಜಿನಿಯರರ ಹೆಂಡತಿಗೆ ಅಂತ ಫ್ಲೇವಿಯಾ ಬಾಯಿ ಒಂದು ಚೆಂಡು ಕಟ್ಟಿದ ಮಲ್ಲಿಗೆ ಕೊಟ್ಟರು. ಇನ್ಶೂರೆನ್ಸ್ ಸರ್ವೆ ಮುಗಿಸಿ ಹೂ ಹಿಡಿದು ಹೋದ ಎಂಜಿನಿಯರ್ ನಮ್ಮ ಓಣಿಗೆ ಅವರೇ ಮೊದಲು. ಕೆಲವು ದಿನದಲ್ಲಿ ಪಾಲಿಸಿಯೂ ಬಂತು, ಒಂದೇ ಒಂದು ಷರತ್ತಿನೊಂದಿಗೆ: ತೂತಿಗೆ ಜಾಲರಿ ಹಾಕಿಸಬೇಕು. ಕಸ ತಡೆಯಲಿಕ್ಕೆ ಅಂತ ಬರೆದಿತ್ತು. ನನ್ನನ್ನು ತಡೆಯಲಿಕ್ಕೆ ಅಂತ ಅಮ್ಮ ಓದಿದಳು.

ಅವತ್ತಿನಿಂದ ಒಂದು ಯೋಚನೆ ನನ್ನ ತಲೆಯಲ್ಲಿ ಕೂತಿದೆ. ಚಪ್ಪಟೆ ಮಾಡು ಅಂತ ನಾವು ಕರೆಯುವುದು ಸುಳ್ಳು. ನೀರು ಇಳಿಯುವಾಗ ಬಗ್ಗಿ ನೋಡಿದೆ. ಇಡೀ ಟೆರೇಸು ಕಣ್ಣಿಗೆ ಕಾಣದಷ್ಟು ಮೆಲ್ಲಗೆ ಆ ಒಂದು ತೂತಿನ ಕಡೆಗೆ ವಾಲಿಕೊಂಡಿದೆ. ಅಪ್ಪ ಬಹ್ರೈನಿನ ಮೋಹದಲ್ಲಿದ್ದರೂ ಕಟ್ಟಿದ ಮೇಸ್ತ್ರಿ ಮಂಗಳೂರಿನ ಮಳೆಯನ್ನು ಮರೆತಿರಲಿಲ್ಲ. ಅಮ್ಮನೂ ಹಾಗೆಯೇ. ಮೇಲಿನಿಂದ ನೋಡಿದರೆ ಬೈಗುಳದ ಒಂದೇ ಸಮತಟ್ಟು. ಆದರೆ ನನ್ನ ಎಷ್ಟೋ ಎಡವಟ್ಟುಗಳು ಅಲ್ಲಿ ನಿಲ್ಲದೆ, ಸೋರದೆ, ಎಲ್ಲಿಗೋ ಇಳಿದು ಹೋಗಿವೆ. ಉಳಿದದ್ದು ಫ್ಯಾನಿನ ಪಕ್ಕದ ಒಂದು ಕಲೆ ಮಾತ್ರ. ಅದಕ್ಕೆ ಬಣ್ಣ ಬಳಿಯುವ ಅಂತ ನಾನು ಹೊರಟರೆ ಅಮ್ಮ ಬಿಡಲಿಲ್ಲ. "ಇರ್ಲಿ, ಮುಂದಿನ ಸಲ ಎಂಜಿನಿಯರ್ ಬಂದ್ರೆ ತೋರಿಸ್ಲಿಕ್ಕೆ ಬೇಕು" ಅಂದಳು.

ಈಗ ಮಳೆ ಶುರುವಾದರೆ ನಾನು ಕೊಡೆ ಹಿಡಿದು ಟೆರೇಸಿಗೆ ಹೋಗ್ತೇನೆ. ಹೊಸ ಜಾಲರಿಯ ಪಕ್ಕ ಕುಕ್ಕುರುಗಾಲಲ್ಲಿ ಕೂತು, ತೂತು ಗುಳುಗುಳು ನೀರು ಕುಡಿಯುವುದನ್ನು ಕೇಳ್ತೇನೆ. ಅಷ್ಟು ಸಮಾಧಾನದ ಶಬ್ದ ಇನ್ನೊಂದಿಲ್ಲ. ಇದ್ದರೆ ಅದರ ಕೆಳಗೆ ನಡೆಯುವ ಮಿಷಿನ್ನಿನದ್ದು. ಅದು ಒಮ್ಮೆ ನಿಲ್ತದೆ.

"ನೀರು ಹೋಗ್ತಾ ಉಂಟಾ?"

"ಹೋಗ್ತಾ ಉಂಟಮ್ಮ."

"ಹಾಗಾದ್ರೆ ಕೆಳಗೆ ಬಾ. ಅಲ್ಲಿ ನಿಂತು ಸಹಾಯ ಮಾಡ್ಬೇಡ."