ತೂಗಿದ ಕೈ

ಹಸುಗೂಸನ್ನು ಸುಮ್ಮನೆ ತಕ್ಕಡಿಗೆ ಹಾಕಬಾರದು ಎಂದು ಮಳವಳ್ಳಿಗೆ ಬಂದು ಏಳು ತಿಂಗಳಾದರೂ ನನಗೆ ಯಾರೂ ಹೇಳಿರಲಿಲ್ಲ. ಹೇಳಿದವಳು ದೊಡ್ಡತಾಯಮ್ಮ ಎಂಬ ಅಜ್ಜಿ, ನನ್ನನ್ನು ತನ್ನ ನಡುಮನೆಯಲ್ಲಿ ಕೂರಿಸಿ, ಹೊರಗಿನಿಂದ ಚಿಲಕ ಹಾಕಿಸಿದ ಮೇಲೆ.

"ಅರ್ಕೆ ಒತ್ತವ್ರು ಬೆಲ್ಲಕ್ಕೆ ಸಮಾ ಮಗೀನ ತೂಗಿ ದೇವ್ರಿಗೆ ಒಪ್ಪಿಸ್ತಾರೆ. ನೀನು ಯಾವ ದೇವ್ರಿಗೆ ತೂಗ್ದೆ? ಬಾಯಿ ಬುಟ್ಟು ಯೋಳು."

ಊರಿನಲ್ಲಿ ಕುಳಿತು ಈ ಪತ್ರ ಓದುವ ನಿಮಗೆ ನಗು ಬರಬಹುದು. ಮಂಗಳೂರಿನ ನಮ್ಮ ಕೇರಿಯಲ್ಲಿ ದಾದಿ ಮಗುವಿನ ತೂಕ ಬರೆದುಕೊಟ್ಟ ಚೀಟಿಯನ್ನು ತಾಯಂದಿರು ನೆರೆಮನೆಗೆಲ್ಲ ತೋರಿಸಿ ಬರುತ್ತಾರೆ. ಇಲ್ಲಿ ತಕ್ಕಡಿಗೆ ಹಾಕಿದ್ದು ಬೇರೆಯವರ ಪಾಲಾಗುತ್ತದೆ. ಬೆಲ್ಲ ಮಂಡಿಯವನ ಪಾಲು, ಕುರಿ ಕಟುಕನ ಪಾಲು.

ನಾನು ಬಂದದ್ದು ಚರ್ಚಿನ ಕೆಲಸಕ್ಕೆ. ಮಂಡ್ಯ, ಮದ್ದೂರು, ಮಳವಳ್ಳಿಯ ಪುಟ್ಟ ಕ್ರೈಸ್ತ ಸಭೆಗಳು ಸೇರಿ, ದುಡಿಯುವ ಗಂಡಸಿಲ್ಲದ ಮನೆಗಳ ಪಟ್ಟಿ ಮಾಡಿದ್ದವು. ಯಾವ ಜಾತಿ, ಯಾವ ಮತ ಎಂದು ಕೇಳುವಂತಿರಲಿಲ್ಲ. ಎರಡು ವರ್ಷದೊಳಗಿನ ಮಕ್ಕಳನ್ನು ತೂಗಿ, ಸೊರಗಿದವರ ಮನೆಗೆ ಹಾಲಿನ ಪುಡಿ ತಲುಪಿಸುವುದು ನನ್ನ ಪಾಲಿನ ಕೆಲಸ. ಮೊದಲ ತಿಂಗಳು ಮಂಡ್ಯದಲ್ಲಿದ್ದಾಗ ಅಲ್ಲಿನ ಗುತ್ತಲು ಬಡಾವಣೆಯಲ್ಲಿ ಒಂದು ಕೋಣೆ ನೋಡಿದೆ. ಮನೆಯೊಡತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಒಂಟಿ ಎಂಗ್ಸಿಗೆ ಕೊಡಕ್ಕಿಲ್ಲ ಕಣಮ್ಮ, ಗಂಡನ್ನ ಕರ್ಕಂಡು ಬಾ" ಎಂದಳು. ಕೊನೆಗೆ ಸಿಕ್ಕಿದ್ದು ಮಳವಳ್ಳಿಯ ಚರ್ಚಿನ ಹಿಂದಿನ ಕೋಣೆ, ಗಾರೆ ನೆಲ, ಒಂದೇ ಕಿಟಕಿ. ಮುದ್ದೆಯನ್ನು ಅಗಿಯದೆ ನುಂಗಲು ಮೂರು ವಾರ ಹಿಡಿಯಿತು. ಭಾಷೆಯ ಕಷ್ಟವಿರದು ಎಂದುಕೊಂಡಿದ್ದೆ, ಕನ್ನಡದಲ್ಲೇ ಬಿ.ಎ. ಮಾಡಿದವಳಲ್ಲವೇ! ಆದರೆ ನಾನು ಬಾಯಿ ತೆರೆದರೆ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು.

"ರೇಡಿಯೋದವ್ರಂಗೆ ಮಾತಾಡ್ತೀಯಲ್ಲವ್ವ, ವಸಿ ಜೋಳದ ರೇಟು ಯೋಳು" ಎಂದು ನಗಿಸಿದವಳು ಜಯಮ್ಮ, ಅಜ್ಜಿಯ ವಿಧವೆ ಸೊಸೆ. ಮದ್ದೂರಿನಿಂದ ಮಳವಳ್ಳಿಗೆ ಬರುವ ದಾರಿಯ ಒಂದು ಹಳ್ಳಿಯಲ್ಲಿ ಅವರ ಮನೆ. ಆ ನಗುವಿನಿಂದಾಗಿ ಅದು ನನಗೆ ಇಲ್ಲಿನ ಮೊದಲ ಸ್ವಂತ ಮನೆಯಂತಾಗಿತ್ತು.

ಆಗ ಬಲವಂತದ ಸಂತಾನಹರಣ ಆಪರೇಷನ್ನಿನ ಭಯದ ಕಾಲ. ಪಟ್ಟಿ ಹಿಡಿದು ಯಾರೇ ಬಂದರೂ ಗಂಡಸರು ಕಬ್ಬಿನ ಗದ್ದೆಗೆ ಇಳಿದುಬಿಡುತ್ತಿದ್ದರು. ಅಂಥದ್ದರಲ್ಲೂ ಜಯಮ್ಮ ತನ್ನ ಎಂಟು ತಿಂಗಳ ಮಾದೇವನನ್ನು ನನ್ನ ಕೈಗೆ ಕೊಟ್ಟಳು. ತೊಲೆಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ, ಬಟ್ಟೆಯ ಜೋಲಿಯಲ್ಲಿ ಅವನನ್ನು ತೂಗಿದೆ. ಹಾಲಿನ ಪುಡಿಯ ಡಬ್ಬಿ ಕೊಟ್ಟು, ಕುದಿಸಿ ಆರಿಸಿದ ನೀರಿನಲ್ಲೇ ಕಲಸಬೇಕು ಎಂದು ಒತ್ತಿ ಹೇಳಿದೆ. ಕುದಿಸಲು ಸೌದೆ ಇದೆಯೇ ಎಂದು ಕೇಳಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಹೋದಾಗ ಮಗು ಚಾಪೆಯ ಮೇಲೆ ಬಿದ್ದಿತ್ತು. ವಾಂತಿ, ಭೇದಿ. ಕಣ್ಣು ಗುಳಿಬಿದ್ದಿತ್ತು, ಅತ್ತರೂ ನೀರಿಲ್ಲ. ಡಬ್ಬಿಯ ಪಕ್ಕದ ಚೆಂಬಿನಲ್ಲಿ ನಾಲೆಯ ನೀರು. ಅಜ್ಜಿಗೆ ನನ್ನ ತಕ್ಕಡಿಯ ಮೇಲೆ ಅನುಮಾನ, ನನಗೆ ನನ್ನ ಡಬ್ಬಿಯ ಮೇಲೆ.

"ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗೋಣ" ಎಂದು ಮಗುವಿಗೆ ಕೈಚಾಚಿದೆ. ಅಜ್ಜಿ ಮಗುವನ್ನು ಎದೆಗೆ ಅವಚಿಕೊಂಡು, ಬೇರೆ ಮನೆ ಮಾಡಿಕೊಂಡು, ಆಗ ಜಗುಲಿಗೆ ಬಂದು ಕುಳಿತಿದ್ದ ಕಿರಿಮಗ ಪಾಪಣ್ಣನಿಗೆ ಕೂಗಿ ಹೇಳಿದಳು. ಬಾಗಿಲು ಮುಚ್ಚಿತು. ಚಿಲಕ ಬಿತ್ತು. ಒಳಗೆ ನಾವು ಮೂವರು ಹೆಂಗಸರು, ಒಂದು ಮಗು.

"ಮಗೀನ ಬುಡಿಸ್ಕೊಟ್ಟು ಓಗು" ಎಂದಳು ಅಜ್ಜಿ. ಉಪ್ಪು, ಒಣಮೆಣಸಿನಕಾಯಿ ತಂದು ನನ್ನ ಮುಂದಿಟ್ಟಳು. "ತೂಗಿದ ಕೈನಲ್ಲೇ ನಿವಾಳಿಸಿ ಒಲೆಗಾಕು. ಮೂರು ಕಿತ ಉಗಿ. ನಿಮ್ಮ ದೇವ್ರಿಗೆ ಯೋಳು, ಇದು ನಿಂದಲ್ಲ ಅಂತ."

ನಾನು ಒಪ್ಪಲಿಲ್ಲ. ಇಂಥದ್ದಕ್ಕೆ ಕೈ ಹಾಕಬಾರದು ಎಂದು ನಮ್ಮ ಸಭಾಪಾಲಕರು ಮೊದಲ ದಿನವೇ ಹೇಳಿದ್ದರು. ಅದಕ್ಕಿಂತ ಹೆಚ್ಚಾಗಿ, ನಾನು ಓದಿದವಳು. ತೂಗಿದರೆ ಕಾಯಿಲೆ ಬರುವುದಿಲ್ಲ, ನೀರಿನಿಂದ ಬರುತ್ತದೆ ಎಂದು ಅಚ್ಚ ಪುಸ್ತಕದ ಕನ್ನಡದಲ್ಲಿ ವಿವರಿಸಿದೆ. ಬಾಗಿಲು ಬಡಿದೆ. ಹೊರಗೆ ಜನ ಸೇರಿದ ಸದ್ದು ಕೇಳುತ್ತಿತ್ತು. "ಚರ್ಚಿನೋರು ಮಗೀನ ಬರ್ಕೊಂಡವ್ರಂತೆ ಕಣ್ಲಾ" ಎಂದು ಯಾರೋ ಅಂದರು. "ಒಳಗೇ ಇರ್ಲಿ ಬುಡು. ಮಗೀಗೆ ಏನಾರ ಆಗ್ಲಿ, ಆಮ್ಯಾಕೆ ಐತೆ" ಎಂದು ಇನ್ನೊಬ್ಬ. ಮದ್ದೂರಿನ ಕಡೆಯಿಂದ ಬಂದ ಬಸ್ಸು ಹಾರ್ನ್ ಹೊಡೆದು ಹೋಯಿತು. ಅದು ಹೋದರೆ ಮುಂದಿನದು ಸಂಜೆಗೆ.

ಜಯಮ್ಮ ನನ್ನ ಮುಂದೆ ಬಂದು ಕುಕ್ಕರುಗಾಲಿನಲ್ಲಿ ಕುಳಿತಳು.

"ನಿನ್ ಮಾತು ದಿಟಾನೆ ಇರ್ಬೋದು ಕಣವ್ವ. ಆದ್ರೆ ಬಾಗ್ಲು ತೆಗಿಯೋಳು ಅತ್ತೆ. ನಿಂಗೆ ಬಾಗ್ಲು ಬೇಕಾ, ಮಾತು ಬೇಕಾ?"

ನಾನು ಉಪ್ಪು ಹಿಡಿದೆ. ಅಜ್ಜಿ ತೋರಿಸಿದಂತೆ ಮಗುವಿನ ಸುತ್ತ ಮೂರು ಸಲ ನಿವಾಳಿಸಿದೆ, ಮೂರು ಸಲ ಉಗುಳಿದೆ, ಒಲೆಗೆ ಹಾಕಿದೆ. ಉಪ್ಪು ಚಟಪಟ ಸಿಡಿಯಿತು. "ಇದು ನಿನ್ನದಲ್ಲ" ಎಂದು ನನ್ನ ದೇವರಿಗೆ ಗಟ್ಟಿಯಾಗಿಯೇ ಹೇಳಿದೆ. ಆಮೇಲೆ ಮನಸ್ಸಿನಲ್ಲಿ ಏನೇನೋ ಹೇಳಿಕೊಂಡೆ.

ಉಳಿದ ಉಪ್ಪನ್ನು ನೋಡಿದಾಗ ದಾದಿಯೊಬ್ಬರು ಕಲಿಸಿದ್ದು ನೆನಪಾಯಿತು. ಅದೇ ಒಲೆಯ ಮೇಲೆ ನೀರು ಕುದಿಸಿ ಆರಿಸಿ, ಒಂದು ಚಿಟಿಕೆ ಉಪ್ಪು, ಬೆಲ್ಲ ಕದಡಿ, ಚಮಚೆಯಲ್ಲಿ ಕುಡಿಸಿದೆ. ಅಜ್ಜಿ ತಡೆಯಲಿಲ್ಲ, ಅವಳೇ ಬಾಗಿಲು ತೆಗೆಸಿದಳು. ಸಂಜೆಯ ಬಸ್ಸಿನಲ್ಲಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮಳವಳ್ಳಿಯ ಆಸ್ಪತ್ರೆಗೆ ಬಂದವಳೂ ಅವಳೇ. ದಾರಿಯುದ್ದಕ್ಕೂ ನಾನು ಚಮಚೆ ಹಿಡಿದಿದ್ದೆ. ಮಾದೇವ ಬದುಕಿದ.

ಆದರೆ ಮನಸ್ಸಿನಲ್ಲಿ ನಾನು ಇನ್ನೂ ಚಿಲಕ ಹಾಕಿದ ಆ ನಡುಮನೆಯಲ್ಲೇ ಇದ್ದೇನೆ. ಹೊರಗಿನವರ ಮಾತಿಗಿಂತ ಹೆಚ್ಚಾಗಿ ಆ ಬಸ್ಸಿನ ಹಾರ್ನ್ ಕೇಳಿಸುತ್ತದೆ. ಚಿಲಕ ಹಾಕಿದವರು ಅವರು ನಿಜ. ಆದರೆ ಆ ಬಸ್ಸು ತಪ್ಪಿಸಿದ್ದು ನನ್ನ ವಾದ. ಮಗು ಒಣಗುತ್ತಿದ್ದಾಗ ನಾನು ಅಜ್ಜಿಯನ್ನು ತಿದ್ದುತ್ತಿದ್ದೆ.

ಸಭಾಪಾಲಕರಿಗೆ ಎಲ್ಲ ಹೇಳಿದೆ. "ವರದಿಯಲ್ಲಿ ಬರೀಬೇಡಮ್ಮ" ಎಂದರು. ಬರೆಯಲಿಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಈ ಕ್ರಿಸ್‌ಮಸ್ಸಿಗೆ ಮಂಗಳೂರಿಗೆ ಬಂದಿದ್ದೆ. ತಂಗಿ ತನ್ನ ಕೂಸಿನ ತೂಕದ ಚೀಟಿಯನ್ನು ಎಲ್ಲರೆದುರು ಓದುತ್ತಿದ್ದಂತೆ ನನಗೇ ತಿಳಿಯದೆ ಮೂರು ಸಲ ಉಗುಳಿದೆ. "ಎಂತ ಮಾರಾಯ್ತಿ, ಅಸಹ್ಯ!" ಎಂದರು ಅಮ್ಮ. ಗಾಳಿಗೆ ಮುಂಬಾಗಿಲು ಮುಚ್ಚಿಕೊಂಡಾಗ ಎದ್ದುಹೋಗಿ ತೆರೆದು, ಕಲ್ಲು ಒತ್ತಿಟ್ಟು ಬಂದೆ.

ಮೊನ್ನೆ ಮತ್ತೆ ಜಯಮ್ಮನ ಮನೆಗೆ ಹೋದೆ. ಮಾದೇವ ಗೋಡೆ ಹಿಡಿದು ನಿಂತಿದ್ದ. ನಾನು ತಕ್ಕಡಿಯನ್ನು ಚೀಲದಿಂದ ತೆಗೆದಿರಲಿಲ್ಲ. ಅಜ್ಜಿ ಒಳಗಿನಿಂದ ಉಪ್ಪು, ಮೆಣಸಿನಕಾಯಿ ತಂದು ಮೊರದಲ್ಲಿಟ್ಟಳು.

"ತೂಗವ್ವ, ಎಷ್ಟಾಗವ್ನೆ ನೋಡಾನ. ಆಮ್ಯಾಕೆ ನೀನೇ ಬುಡ್ಸು."

ನಾನು ಬಾಗಿಲ ಕಡೆ ನೋಡಿದ್ದನ್ನು ಅವಳು ಕಂಡಳು. ಎದ್ದುಹೋಗಿ ಎರಡೂ ಕದಗಳನ್ನು ಗೋಡೆಗೆ ತಾಗುವಷ್ಟು ತೆರೆದು, ಹೊಸ್ತಿಲ ಮೇಲೆ ತಾನೇ ಕುಳಿತಳು. ಬೆಳಕು ಬಂತು. ಆದರೂ ಹೊರಗೆ ಹೋಗಬೇಕಾದರೆ ನಾನು ಅವಳನ್ನು ದಾಟಿಯೇ ಹೋಗಬೇಕಿತ್ತು.

ತೊಲೆಗೆ ತಕ್ಕಡಿ ಕಟ್ಟಿದೆ.