ಸೀಬೆಹಣ್ಣು ಹೆಚ್ಚಿದ ಚಾಕು

ಏಕಾದಶಿಗೆ ಹನಿ ನೀರೂ ಮುಟ್ಟದ, ಸಂಧ್ಯಾವಂದನೆ ತಪ್ಪಿಸದ ಮಾಧ್ವ ಮನುಷ್ಯನಿಗೆ ಚಾಕುವಿನ ಹುಚ್ಚು ಎಲ್ಲಿಂದ ಅಂಟಿತು ಎಂಬುದು ಟ್ರಿಪ್ಲಿಕೇನಿನ ನಂಟರಿಗೆಲ್ಲ ಬಗೆಹರಿಯದ ಪ್ರಶ್ನೆ. ಎದುರಿಗೆ ಕಮಲಾಕರ ರಾಯರು, ಬೆನ್ನ ಹಿಂದೆ ಕತ್ತಿ ರಾಯರು. ರಾಯರಿಗೆ ಎರಡೂ ಗೊತ್ತಿತ್ತು. ಬೆನ್ನ ಹಿಂದಿನ ಹೆಸರೇ ಕೊಂಚ ಹೆಚ್ಚು ಇಷ್ಟವೂ ಆಗಿತ್ತು.

ಅಂಬತ್ತೂರಿನ ಒಂದು ಎಂಜಿನಿಯರಿಂಗ್ ಕಾರ್ಖಾನೆಯ ಸ್ಟೋರ್ಸಿನಲ್ಲಿ ಅವರಿಗೆ ಕೆಲಸ. ಭಾನುವಾರ ಬಂತೆಂದರೆ ಪುದುಪೇಟೆಯ ಗುಜರಿ ಅಂಗಡಿಗಳು, ಬರ್ಮಾ ಬಜಾರು, ಪೆರಂಬೂರಿನಲ್ಲಿ ಮನೆ ಖಾಲಿ ಮಾಡಿ ಆಸ್ಟ್ರೇಲಿಯಾಕ್ಕೆ ಹೊರಟ ಆಂಗ್ಲೋ ಇಂಡಿಯನ್ನರ ಹಳೆ ಸಾಮಾನು. ಹುಡುಕುತ್ತಿದ್ದದ್ದು ಮಾತ್ರ ಒಂದೇ, ಮಡಿಸಿ ಜೇಬಿಗೆ ಹಾಕಿಕೊಳ್ಳುವ ಹಳೇ ಕಾಲದ ಚಾಕು. ಕೋಣನ ಕೊಂಬಿನ ಹಿಡಿಯ ರಾಂಪುರಿ, ಕಾರೈಕುಡಿಯ ಯಾವುದೋ ಚೆಟ್ಟಿಯಾರರ ಮನೆಯಿಂದ ಬಂದ ಹಿತ್ತಾಳೆ ಹಿಡಿಯದು, ರೈಲ್ವೆ ಗಾರ್ಡೊಬ್ಬರು ಬಳಸಿ ಸವೆಸಿದ ಮೂಳೆ ಹಿಡಿಯ ಜರ್ಮನ್ ಚಾಕು. ಈ ಮೂಳೆಯದು ಮನೆಗೆ ಬಂದ ದಿನ ಹೆಂಡತಿ ಜಯಲಕ್ಷ್ಮೀ ಹೊಸ್ತಿಲಿಂದ ಹಿತ್ತಲವರೆಗೆ ನೀರು ಹಾಕಿ ತೊಳೆದಿದ್ದರು. ಆ ಮೇಲೆ ಯಾವ ಹಿಡಿ ಯಾವುದರದ್ದು ಎಂದು ರಾಯರು ಬಾಯಿ ಬಿಡಲಿಲ್ಲ.

ಎಲ್ಲವೂ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ, ಹಳೆ ಪಂಚೆಯ ತುಂಡುಗಳಲ್ಲಿ ಸುತ್ತಿಕೊಂಡು ಮಲಗಿರುತ್ತಿದ್ದವು. ವಾರಕ್ಕೊಂದನ್ನು ಆರಿಸಿ, ಎಣ್ಣೆ ಸವರಿ, ಆಫೀಸಿಗೆ ಹೋಗುವಾಗ ಪ್ಯಾಂಟಿನ ಜೇಬಿಗೆ, ಮನೆಯಲ್ಲಿ ಪಂಚೆಯ ಸೊಂಟಕ್ಕೆ. ಅಂಬತ್ತೂರಿನ ಲೋಕಲ್ ಟ್ರೇನಿನಲ್ಲಿ ಮಾವಿನಹಣ್ಣೋ ಪಾರ್ಸೆಲ್ಲಿನ ದಾರವೋ ಎದುರಾದರೆ ಇಡೀ ಬೋಗಿಯ ಜನ ರಾಯರ ಕಡೆಗೇ ತಿರುಗುತ್ತಿತ್ತು. ಅವರು ಕೊಡುತ್ತಿದ್ದರು, ಆದರೆ ಕೈಯಿಂದ ಕೈಗಲ್ಲ. ಸೀಟಿನ ಮೇಲಿಟ್ಟು, "ಎಡುತ್ತುಕ್ಕೋಂಗ," ತೆಗೆದುಕೊಳ್ಳಿ ಎನ್ನುತ್ತಿದ್ದರು. ಕತ್ತಿಯನ್ನು ಕೈಗೆ ಕೊಟ್ಟರೆ ಕೊಟ್ಟವನಿಗೂ ತೆಗೆದುಕೊಂಡವನಿಗೂ ಜಗಳವಾಗುತ್ತದೆ ಎಂದು ಅವರ ಅಜ್ಜಿ ಹೇಳಿದ್ದು. ನಂಬಿಕೆ ಇಲ್ಲದ ಮನುಷ್ಯನೇನೂ ಅಲ್ಲ ಅವರು. ಮುಂದೆ ನಡೆದದ್ದನ್ನು ಓದುವಾಗ ಇದನ್ನು ಮರೆಯಬಾರದು.

ಒಬ್ಬನೇ ಮಗ ಸುಘೋಷ, ಬ್ಯಾಂಕಿನಲ್ಲಿ ಗುಮಾಸ್ತ. ಸೊಸೆ ವಿಭಾ ಮೈಸೂರಿನವಳು. ತಾಯಿ ಇಲ್ಲದ ಹುಡುಗಿ, ತವರಿನಲ್ಲಿ ಬಾಣಂತನ ಮಾಡುವವರಿಲ್ಲ. ಹಾಗಾಗಿ ಬಸುರಿಯಾದಾಗ ಎಲ್ಲವೂ ಅತ್ತೆಯ ಕೈಯಲ್ಲೇ, ಅತ್ತೆಯ ಕಣ್ಣ ಕೆಳಗೇ. ಜಯಲಕ್ಷ್ಮೀ ಕೆಟ್ಟವರಲ್ಲ. ಆದರೆ ಮಡಿ, ಮೈಲಿಗೆ, ಶಾಸ್ತ್ರ ಎಂದರೆ ಅವರ ಮಾತಿಗೆ ಆ ಮನೆಯಲ್ಲಿ ಮೇಲ್ಮನವಿ ಇರಲಿಲ್ಲ.

ತೊಂಬತ್ತೊಂಬತ್ತರ ಆಗಸ್ಟಿನಲ್ಲಿ ಸೂರ್ಯಗ್ರಹಣ ಬಂದಾಗ ವಿಭಾಳಿಗೆ ಐದನೇ ತಿಂಗಳು. ಬೆಳಗಿನಿಂದಲೇ ಅವಳನ್ನು ಒಳಕೋಣೆಗೆ ಹಾಕಿ, ಕಿಟಕಿಗೆ ಕಂಬಳಿ ಕಟ್ಟಿದರು. ಬಸುರಿ ಗ್ರಹಣದಲ್ಲಿ ಉಣ್ಣಬಾರದು, ಹೊಲಿಯಬಾರದು, ಅವಳಿರುವ ಕಡೆ ಏನನ್ನೂ ಹೆಚ್ಚಬಾರದು, ಹೆಚ್ಚಿದರೆ ಮಗುವಿನ ತುಟಿ ಸೀಳುತ್ತದೆ. ಉಪ್ಪಿನಕಾಯಿಯ ಜಾಡಿಗೂ ದರ್ಭೆ ಬಿತ್ತು. ಸಂಜೆ ಐದರ ಮೇಲೆ ಬಿಸಿಲು ಮಂಕಾಗತೊಡಗಿದಾಗ ಜಯಲಕ್ಷ್ಮೀ ಒದ್ದೆ ಸೀರೆಯಲ್ಲಿ ಹಜಾರದಲ್ಲಿ ಜಪಕ್ಕೆ ಕೂತರು. ರಾಯರು ಅಡಿಗೆಮನೆಯ ಪಕ್ಕದ ಓಣಿಯಲ್ಲಿ ಕೂತಿದ್ದರು. ಒಳಕೋಣೆಯ ಹಿಂಬಾಗಿಲು ಆ ಓಣಿಗೇ ತೆರೆಯುತ್ತಿತ್ತು.

"ಮಾವ," ಬಾಗಿಲ ಸಂದಿನಿಂದ ವಿಭಾಳ ಪಿಸುಮಾತು. "ತಲೆ ಸುತ್ತುತ್ತಾ ಇದೆ. ಬುಟ್ಟೀಲಿ ಸೀಬೆಹಣ್ಣಿದೆಯಲ್ಲ, ಒಂದೇ ಒಂದು ಕೊಡಿ."

"ಗ್ರಹಣ ಬಿಡೋಕೆ ಇನ್ನು ಕೊಂಚ ನೇರಂ ದಾನಮ್ಮಾ. ಪೊರುತ್ತುಕೋ, ಸ್ವಲ್ಪ ತಾಳು."

"ಆಗಲ್ಲ ಮಾವ. ಹೆಚ್ಚಿಬಿಟ್ಟು ಕೊಡಿ. ಕಾಯಿಯಾಗಿದೆ, ಕಡಿದರೆ ಅತ್ತೆಗೆ ಕೇಳ್ಸತ್ತೆ."

ರಾಯರಿಗೆ ಶಾಸ್ತ್ರ ಗೊತ್ತಿಲ್ಲದೆ ಇರಲಿಲ್ಲ. ಹೆಚ್ಚುವುದು ನಾನು, ದೋಷ ಬಂದರೆ ನನಗೆ ಬರಲಿ ಎಂದುಕೊಂಡರು. ಸೊಂಟದಿಂದ ರಾಂಪುರಿ ತೆಗೆದರು, ಅದು ಟಕ್ ಎಂದು ಬಿಚ್ಚಿಕೊಂಡಿತು. ನಾಲ್ಕು ಹೋಳು ಮಾಡಿ ಬಾಗಿಲ ಸಂದಿನಲ್ಲಿ ಇಟ್ಟರು. ಒಳಗೆ ಹುಡುಗಿ ತಿನ್ನುವ ಸದ್ದೂ ಕೇಳಲಿಲ್ಲ. ಅವರ ಹೊಟ್ಟೆ ತಣ್ಣಗಾಯಿತು.

ಗ್ರಹಣ ಬಿಟ್ಟ ಮೇಲೆ ಸ್ನಾನಕ್ಕೆ ಎದ್ದ ಜಯಲಕ್ಷ್ಮೀ ಓಣಿಯಲ್ಲಿ ಚಾಕು ಕಂಡರು, ಅಲಗಿಗೆ ಅಂಟಿದ ಸೀಬೆಬೀಜ ಕಂಡರು.

"ಯಾರು ತಿಂದದ್ದು?"

"ನಾನು ದಾ. ಪಸಿ ತಾಳಲಿಲ್ಲ," ಹಸಿವು ತಡೆಯಲಾಗಲಿಲ್ಲ ಎಂದರು ರಾಯರು.

"ಐವತ್ತು ದಾಟಿದ ಮೇಲೂ ನಾಲಗೆ ಕಟ್ಟೋಕೆ ಆಗಲ್ವಾ ನಿಮಗೆ?" ಅಷ್ಟಕ್ಕೆ ಅಂದು ಮುಗಿಯಿತು. ಸೊಸೆಯನ್ನು ಉಳಿಸಿದೆ ಎಂದು ರಾಯರು ಆ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿದರು. ಪಾಪ.

ಜನವರಿಯಲ್ಲಿ ಹೆಣ್ಣು ಮಗು ಹುಟ್ಟಿತು. ಮೇಲ್ದುಟಿ ಮೂಗಿನವರೆಗೆ ಸೀಳಿತ್ತು.

ಜಯಲಕ್ಷ್ಮೀ ಮಗುವನ್ನು ನೋಡಿದರು, ಆಮೇಲೆ ಗಂಡನನ್ನು ನೋಡಿದರು. ಅಳಲಿಲ್ಲ. ಸೊಸೆಯ ಮಂಚದ ಹತ್ತಿರ ಹೋಗಿ, "ಆವತ್ತು ನಿನಗೆ ಏನಾದರೂ ಕೇಳಿಸ್ತಾ?" ಎಂದು ಕೇಳಿದರು.

ವಿಭಾ ಗೋಡೆಯ ಕಡೆ ಮುಖ ಮಾಡಿದ್ದಳು. ರಾಯರು ಬಾಗಿಲಲ್ಲೇ ನಿಂತಿದ್ದರು. ಅವಳು ಹೇಳುತ್ತಾಳೆ, ಈಗ ಹೇಳಿಬಿಡುತ್ತಾಳೆ ಎಂದು ಕಾದರು.

"ಕೇಳಿಸ್ತು ಅತ್ತೆ," ಎಂದಳು. "ಟಕ್ ಅಂತ."

ಸುಳ್ಳೇನಲ್ಲ, ಕೇಳಿಸಿದ್ದು ನಿಜ. ಅರ್ಧ ನಿಜಕ್ಕಿರುವ ಹರಿತ ಯಾವ ರಾಂಪುರಿಗೂ ಇಲ್ಲ. ತಾಯಿ ಇಲ್ಲದ ಹುಡುಗಿ, ಹೆತ್ತ ಮೈ, ಎದುರಿಗೆ ಅಂಥ ಅತ್ತೆ, ಭಯಕ್ಕೆ ಬಾಯಿ ಕಟ್ಟಿತು ಎಂದು ಬೇಕಾದರೆ ಕ್ಷಮಿಸಿ. ನನಗೆ ಮಾತ್ರ ಆಗುವುದಿಲ್ಲ. ರಾಯರು ಕ್ಷಮಿಸಿದರು. ಈಗ ಬಾಯಿಬಿಟ್ಟರೆ ಆ ಹುಡುಗಿಯನ್ನು ಜೀವಂತ ಸುಡುತ್ತಾರೆ ಎಂದು ತಾವೂ ಸುಮ್ಮನಾದರು.

ಡಾಕ್ಟರು ಬಿಡಿಸಿ ಹೇಳಿದರು. ತುಟಿ ಕೂಡಿಕೊಳ್ಳುವುದು ಎರಡನೇ ತಿಂಗಳಲ್ಲೇ, ಗ್ರಹಣದ ಹೊತ್ತಿಗೆ ಆಗಬೇಕಾದದ್ದು ಆಗಿ ಮುಗಿದಿತ್ತು, ಇದು ಕೆಲವು ವಂಶಗಳಲ್ಲಿ ಬರುತ್ತದೆ, ಆಪರೇಷನ್ ಮಾಡಿದರೆ ಸರಿಹೋಗುತ್ತದೆ. ಸುಘೋಷ ತಲೆಯಾಡಿಸಿದ. "ಡಾಕ್ಟರಿಗೆ ಎನ್ನ ತೆರಿಯುಂ," ಅವರಿಗೇನು ಗೊತ್ತು ಎಂದರು ಜಯಲಕ್ಷ್ಮೀ. ಸುಘೋಷ ಅದಕ್ಕೂ ತಲೆಯಾಡಿಸಿದ.

ರಾಯರು ಮಗುವನ್ನು ಮುಟ್ಟಬೇಕಾದರೆ ಚಾಕುಗಳು ಮನೆಯಿಂದ ಹೋಗಬೇಕು ಎಂದಾಯಿತು. ಕೊಡಕೂಡದು, ಮಾರಕೂಡದು, ಸಮುದ್ರಕ್ಕೇ ಹಾಕಬೇಕು, ಅದೂ ತಮ್ಮ ಕೈಯಿಂದಲೇ. ರಾಯರು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮಗನ ಸ್ಕೂಟರಿನ ಹಿಂದೆ ಕೂತು ಮೆರೀನಾಕ್ಕೆ ಹೋದರು. ಮೊಣಕಾಲುದ್ದ ನೀರಿಗಿಳಿದು ಒಂದೊಂದನ್ನೇ ಬಟ್ಟೆಯಿಂದ ಬಿಡಿಸಿ, ಒಮ್ಮೆ ಬಿಚ್ಚಿ, ಮಡಿಸಿ, ಎಸೆದರು.

"ಸೀಕ್ರಂ ಹಾಕಪ್ಪಾ, ಆಫೀಸಿಗೆ ಲೇಟಾಗ್ತದೆ. ಡಬ್ಬಿ ಜೊತೆಗೇ ಹಾಕಿಬಿಡು," ಎಂದ ಸುಘೋಷ ದಡದಿಂದ.

ಹಾಕಿಬಿಟ್ಟರು. ಮನೆಗೆ ಬಂದು, ತಲೆಗೆ ನೀರು ಹಾಕಿಕೊಂಡು, ಒಗೆದ ಪಂಚೆಯುಟ್ಟು, ಮಗುವಿಗೆ ಕೈ ಚಾಚಿದರು. ಜಯಲಕ್ಷ್ಮೀ ಮಗುವನ್ನು ಸೆರಗಿನೊಳಗೆ ಎಳೆದುಕೊಂಡರು.

"ಕತ್ತಿ ಹೋಯ್ತು. ಕೈ ಹೋಗ್ಲಿಲ್ವಲ್ಲ."

ಆ ಮೇಲೆ ಕಾರ್ಖಾನೆಯಿಂದ ನಿವೃತ್ತಿಯಾಗುವವರೆಗೂ ಟ್ರೇನಿನಲ್ಲಿ ಯಾರಾದರೂ "ಸಾರ್, ಕತ್ತಿ" ಎಂದರೆ ರಾಯರ ಕೈ ಜೇಬಿನವರೆಗೆ ಹೋಗಿ ಬರುತ್ತಿತ್ತು. "ತೊಲೆಂಜು ಪೋಚ್ಚು," ಕಳೆದುಹೋಯಿತು ಎನ್ನುತ್ತಿದ್ದರು. ಏನೇನು ಕಳೆದುಹೋಯಿತು ಎಂದು ಯಾರೂ ಕೇಳಲಿಲ್ಲ.

ಮಗುವಿಗೆ ಸುಮೇಧಾ ಎಂದು ಹೆಸರಿಟ್ಟರು. ಆಪರೇಷನ್ ಆಯಿತು, ತುಟಿ ಕೂಡಿತು, ಒಂದು ಗೆರೆ ಉಳಿಯಿತು. ತಾತನ ಕೈಯಿಂದ ಏನೂ ತಿನ್ನಬಾರದು, ತಾತನ ತೊಡೆಯ ಮೇಲೆ ಕೂರಬಾರದು ಎಂದು ಅವಳಿಗೆ ಕಲಿಸಿದರು. ಮಕ್ಕಳಿಗೆ ಬೇಡ ಎಂದದ್ದೇ ಬೇಕು. ಅಜ್ಜಿ ದೇವಸ್ಥಾನಕ್ಕೆ ಹೋದದ್ದೇ ತಡ, ತಾತನ ಕೋಣೆಗೆ ನುಗ್ಗಿ, ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಲೊಡಲೊಡ ಮಾತು. ಟೀಚರ್ ಬಿದ್ದದ್ದು, ಬೆಕ್ಕು ಮರಿ ಹಾಕಿದ್ದು, ಸುಳ್ಳು, ನಿಜ, ಎಲ್ಲಾ. ರಾಯರು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೇಳುತ್ತಿದ್ದರು. ಮುಟ್ಟುತ್ತಿರಲಿಲ್ಲ. ಅವರಿಗೆ ಜೀವನದಲ್ಲಿ ಇನ್ನು ಬೇಕಾಗಿದ್ದದ್ದು ಒಂದೇ. ತನ್ನದು ತಪ್ಪಲ್ಲ ಎಂದು ಈ ಮನೆ ಒಪ್ಪಬೇಕು, ಆ ಮಗುವನ್ನು ಎಲ್ಲರ ಎದುರು ಎತ್ತಿ ತೊಡೆಯ ಮೇಲೆ ಕೂರಿಸಿಕೊಳ್ಳಬೇಕು.

ಸುಮೇಧಾ ಒಂದನೇ ಕ್ಲಾಸಿಗೆ ಸೇರಿದ ವರ್ಷ ವಿಭಾ ಮತ್ತೆ ಬಸುರಿಯಾದಳು. ಗೊತ್ತಾದ ವಾರದಲ್ಲೇ ಸುಘೋಷ ಅಪ್ಪನ ಬಟ್ಟೆಗಳನ್ನು ಒಂದು ಚೀಲಕ್ಕೆ ತುಂಬಿದ. ತಾಂಬರಂನಲ್ಲಿ ರಾಯರ ದೊಡ್ಡಪ್ಪನ ಮಗ ವಿಷ್ಣುತೀರ್ಥ ಒಬ್ಬರೇ ಇದ್ದರು. ಹೆರಿಗೆ ಆಗುವವರೆಗೆ ಅಲ್ಲಿ.

"ತಾತಾ, ಎಪ್ಪ ಬರ್ತೀಯಾ?" ಎಂದಳು ಸುಮೇಧಾ.

"ಪಾಪ ಬಂದ ಮೇಲೆ," ಎಂದರು.

ತಾಂಬರಂನಲ್ಲಿ ರಾಯರು ಹೊಸ ಹುಚ್ಚನ್ನು ಕಲಿತರು. ಅಲಗು ಮುಟ್ಟುವುದಿಲ್ಲ ಎಂಬ ಹುಚ್ಚು. ಬ್ಲೇಡು ಬಿಟ್ಟರು, ಗಡ್ಡ ಎದೆಯ ಕಡೆಗೆ ಇಳಿಯಿತು. ಉಗುರನ್ನು ಹಲ್ಲಿನಿಂದ ಕಚ್ಚಿ ಉಗುಳುತ್ತಿದ್ದರು. ಬಾಳೆಕಾಯನ್ನು ಇಡಿಯಾಗಿ ಬೇಯಿಸಿ ಕೈಯಲ್ಲೇ ಮುರಿಯುತ್ತಿದ್ದರು.

"ಏನೋ ಕಮಲೂ, ಮಠಕ್ಕೇನಾದರೂ ಅರ್ಜಿ ಹಾಕಿದೀಯಾ?" ಎಂದು ವಿಷ್ಣುತೀರ್ಥ ಗೇಲಿ ಮಾಡಿದರು. ರಾಯರು ನಗಲಿಲ್ಲ. ಸ್ಟೇಷನ್ನಿನ ಹೊರಗೆ ಗೋಣಿ ಹಾಸಿ ಹಳೆ ಸಾಮಾನು ಮಾರುವವನ ಹತ್ತಿರ ಒಂದು ದಿನ ಜಿಂಕೆಕೊಂಬಿನ ಹಿಡಿಯ ಚಾಕು ಕಂಡಿತು. ರಾಯರು ಕುಕ್ಕರುಗಾಲಲ್ಲಿ ಕೂತು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನೋಡಿದರು. "ತೊಟ್ಟು ಪಾರುಂಗ ಸಾರ್," ಮುಟ್ಟಿ ನೋಡಿ ಎಂದ ಅವನು. ಅವರು ಎದ್ದು ಓಡುವವರ ಹಾಗೆ ಹೊರಟುಬಿಟ್ಟರು.

ದಿನಾ ಬೆಳಿಗ್ಗೆ ಹುಟ್ಟುವ ಮಗು ನೆಟ್ಟಗಿರಲಿ ಎಂದು ಪ್ರಾರ್ಥನೆ ಮಾಡುತ್ತಿದ್ದರು. ಒಂದು ಬೆಳಿಗ್ಗೆ ಅದರ ಅರ್ಥ ಅವರಿಗೆ ಹೊಳೆಯಿತು. ತಾನು ಮನೆಯಲ್ಲಿಲ್ಲದಾಗ ನೆಟ್ಟಗಿನ ಮಗು ಹುಟ್ಟಿದರೆ, ಮೊದಲನೆಯದಕ್ಕೆ ತಾನೇ ಕಾರಣ ಎಂದು ಸಾಯುವವರೆಗೆ ಮುದ್ರೆ ಬಿದ್ದ ಹಾಗೆ. ಹಾಗೆ ಆಗಬಾರದೆಂದರೆ... ಅಲ್ಲಿಗೆ ನಿಲ್ಲಿಸಿ ಮೂರು ಸಲ ಆಚಮನ ಮಾಡಿದರು. ಆದರೆ ಯೋಚನೆ ಆಚಮನಕ್ಕೆ ಹೋಗುವಂಥದ್ದಲ್ಲ. ಅತ್ತ ದರಿ, ಇತ್ತ ಪುಲಿ. ಕೊನೆಕೊನೆಗೆ ಪ್ರಾರ್ಥನೆ ಮಾಡುವುದನ್ನೇ ಬಿಟ್ಟು, ಕಣ್ಣು ಮುಚ್ಚಿ ಸುಮ್ಮನೆ ಕೂರುತ್ತಿದ್ದರು.

ಫೋನು ಬಂದಾಗ ವಿಷ್ಣುತೀರ್ಥರೇ ಎತ್ತಿ ಕೊಟ್ಟರು.

"ಗಂಡು ಮಗು ಅಪ್ಪಾ," ಎಂದ ಸುಘೋಷ. "ಇವನಿಗೂ ಹಾಗೇ ದಾ."

ರಾಯರು ರಿಸೀವರನ್ನು ಮೆಲ್ಲಗೆ ಇಟ್ಟರು. ಮೈಯಿಂದ ಏನೋ ಇಳಿದು ಹೋದಂತಾಯಿತು. ಚಪ್ಪಲಿ ಮೆಟ್ಟಿ ನೆಟ್ಟಗೆ ಕ್ಷೌರದ ಅಂಗಡಿಗೆ ಹೋಗಿ ಕುರ್ಚಿಯ ಮೇಲೆ ಕೂತು ಗಲ್ಲ ಎತ್ತಿದರು. ಕತ್ತಿ ಕೆನ್ನೆಯ ಮೇಲೆ ಸರಿಯುವಾಗ ಅವರಿಗೆ ಸುಖದಿಂದ ಕಣ್ಣು ತುಂಬಿಬಂತು. ಆಮೇಲೆ ಎಲೆಕ್ಟ್ರಿಕ್ ಟ್ರೇನು ಹಿಡಿದರು.

ರಾಯಪೇಟೆಯ ನರ್ಸಿಂಗ್ ಹೋಮಿನ ಓಣಿಯಲ್ಲಿ ಜಯಲಕ್ಷ್ಮೀ ಬೆಂಚಿನ ಮೇಲೆ ಕುಸಿದಿದ್ದರು. ಸುಮೇಧಾ ಅಜ್ಜಿಯ ಮೊಣಕಾಲು ಹಿಡಿದು ನಿಂತಿದ್ದಳು. ತೆರೆದ ಬಾಗಿಲಾಚೆ ವಿಭಾ, ಅವಳ ಪಕ್ಕದಲ್ಲಿ ಬಟ್ಟೆಯ ಸುರುಳಿ. ರಾಯರು ಒಳಗೆ ಹೋಗಿ ಬಗ್ಗಿ ನೋಡಿದರು. ಅದೇ ತುಟಿ, ಅದೇ ಸೀಳು.

ನಗು ಬಂತು. ತಡೆಯಲು ಅವರು ಪ್ರಯತ್ನವನ್ನೇ ಪಡಲಿಲ್ಲ ಎಂಬುದೂ ನಿಜ. ಐದಾರು ವರ್ಷ ಗಂಟಲಲ್ಲಿ ಕೂತಿದ್ದದ್ದು ಒಮ್ಮೆಗೇ ಹೊರಗೆ ಬಿತ್ತು. ನುಣ್ಣಗೆ ಹೆರೆಸಿಕೊಂಡ ಮುಖದಲ್ಲಿ ಹಲ್ಲೆಲ್ಲ ಕಾಣುವ ಹಾಗೆ ನಕ್ಕರು.

"ನೋಡು," ಎಂದರು ಹೆಂಡತಿಯ ಕಡೆ ತಿರುಗಿ, ಮಗುವಿನ ತುಟಿಗೆ ಬೆರಳು ತೋರಿಸುತ್ತ. "ನೋಡು, ಇವನಿಗೂ ಹಾಗೇ. ನಾನು ಇರ್ಲಿಲ್ಲ. ನಾನು ಇರ್ಲೇ ಇಲ್ಲ."

ಸುಮೇಧಾ ಅಜ್ಜಿಯ ಮೊಣಕಾಲು ಬಿಟ್ಟು ಬಾಗಿಲಿಗೆ ಬಂದು ತಾತನ ನಗುವನ್ನೂ ಆ ಬೆರಳನ್ನೂ ನೋಡಿದಳು. ಮಾತಾಡಿದ್ದು ವಿಭಾ. ದಿಂಬಿನಿಂದ ತಲೆ ಎತ್ತದೆ, "ಆವತ್ತು ಹಣ್ಣು ಕೇಳಿದ್ದು ನಾನೇ ಅತ್ತೆ. ಹೆಚ್ಚಿ ಕೊಡಿ ಅಂದಿದ್ದೂ ನಾನೇ," ಎಂದಳು. ಇಷ್ಟು ವರ್ಷ ಬಾರದ ಮಾತು ಆ ನಗುವಿಗೆ ಹೆದರಿ ಬಂತು.

ಹಾಗೆ ಕಮಲಾಕರ ರಾಯರು ಗೆದ್ದರು. ಆ ವಾರವೇ ಸುಘೋಷ ತಾಂಬರಂಗೆ ಹೋಗಿ ಚೀಲ ತಂದ. ಜಯಲಕ್ಷ್ಮೀ ಕ್ಷಮೆ ಕೇಳುವ ಹೆಂಗಸಲ್ಲ. ಆದರೆ ಗಂಡನಿಗೆ ತಾವೇ ಕಾಫಿ ತಂದುಕೊಟ್ಟರು, ಮೊಮ್ಮಗಳಿಗೆ, "ಹೋಗು, ತಾತನ ಹತ್ತಿರ ಕೂತುಕೋ," ಎಂದರು. ರಾಯರು ತೊಡೆಯ ಕೆಳಗಿದ್ದ ಕೈಗಳನ್ನು ತೆಗೆದು ಎಲ್ಲರ ಎದುರು ಚಾಚಿದರು.

ಸುಮೇಧಾ ಬಂದಳು, ಹೇಳಿದ ಮಾತು ಕೇಳುವ ಹುಡುಗಿ. ತೊಡೆಯ ಮೇಲೆ ಕೂತಳು. ಒಂದು ಮಾತೂ ಆಡಲಿಲ್ಲ. ತಾತ ಮುಖ ನೋಡಲು ಬಗ್ಗಿದ ಕೂಡಲೇ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು ತುಟಿ ಮುಚ್ಚಿಕೊಂಡಳು. ರಾಯರು ಇಳಿಸುವವರೆಗೂ ಆ ಕೈ ತೆಗೆಯಲಿಲ್ಲ. ಆಮೇಲೆ ಅವರು ಬದುಕಿದ್ದಷ್ಟು ಕಾಲವೂ, ಮನೆಯಲ್ಲಿ ಬೇರೆ ಯಾರೆದುರೂ ಹಾಗೆ ಮಾಡದ ಹುಡುಗಿ, ತಾತ ಬಂದರೆ ಬಾಯಿ ಮುಚ್ಚಿಕೊಂಡೇ ಇರುತ್ತಿದ್ದಳು.