ಅಮಾವಾಸ್ಯೆಗೆ ಮುಚ್ಚುತ್ತಿದ್ದ ಶೆಡ್ಡು

ಮೂರು ವರ್ಷದ ಹಿಂದಿನ ಮಾತು. ಆಗ ನಾನು ಬೈಲಹೊಂಗಲದಲ್ಲಿ ಕೃಷಿ ಯಂತ್ರ ಮಾರುವ ಅಂಗಡಿಯೊಂದರ ಸರ್ವಿಸ್ ಫೋರ್‌ಮನ್. ನಿವೃತ್ತಿಗೆ ಒಂದೇ ವರ್ಷ ಬಾಕಿ ಇತ್ತು. ಕಿತ್ತೂರಿನಿಂದ ರಾಮದುರ್ಗದವರೆಗೆ, ನಡುವೆ ನನ್ನ ಸ್ವಂತ ಊರು ಸವದತ್ತಿಯೂ ಸೇರಿ, ಟ್ರ್ಯಾಕ್ಟರ್, ರೋಟಾವೇಟರ್, ರಾಶಿ ಮಷೀನು ಯಾವುದು ಎಲ್ಲಿ ಕೆಟ್ಟು ನಿಂತರೂ ನನ್ನ ಬೈಕು ಅಲ್ಲಿ ಹೋಗಿ ನಿಲ್ಲಬೇಕು. ಕೆಲಸ ಚೊಕ್ಕ, ಬಾಯಿ ಜೋರು. ನನಗೆ ಗೊತ್ತಿಲ್ಲದ್ದು ಏನಾದರೂ ಇದೆ ಎಂದು ಆ ವಯಸ್ಸಿನಲ್ಲಿ ನನಗೆ ಅನಿಸುತ್ತಿರಲಿಲ್ಲ.

ತೊರಗಲ್ ಕಡೆಯ ಒಂದು ಹಳ್ಳಿಯಿಂದ ಈರಪ್ಪ ಎಂಬ ರೈತ ಅಂಗಡಿಗೆ ಬಂದರು. ಐವತ್ತರ ಗಟ್ಟಿ ಮನುಷ್ಯ. ಮಗ ಸಂಗಮೇಶನ ಮದುವೆ ಗೊತ್ತಾಗಿತ್ತು. ಅಂಗಳ, ಶೆಡ್ಡು, ಯಂತ್ರ ಎಲ್ಲವನ್ನೂ ತೊಳೆಯಲು ಒಂದು ಪ್ರೆಶರ್ ವಾಷರ್ ಬೇಕು, ಯಾವುದು ಆರಿಸಲಿ ಎಂದು ಕೇಳಿದರು. ನಾನು ಪಾಠವನ್ನೇ ಶುರು ಮಾಡಿದೆ. ನೀರಿನ ಒತ್ತಡವನ್ನು 'ಬಾರ್' ಎಂದು ಅಳೆಯುತ್ತಾರೆ. ಕಾರು ತೊಳೆಯುವ ಸಣ್ಣ ಮಷೀನಿನ ನೂರು ಬಾರ್ ನಮ್ಮ ಕಪ್ಪು ಎರಿಮಣ್ಣಿಗೆ ಸಾಲದು. ಒಣಗಿದ ಎರಿಮಣ್ಣು, ಹೊಲದ ಹೆಂಟೆ ಪುಡಿ ಮಾಡುವ ರೋಟಾವೇಟರಿನ ಅಲಗಿಗೆ ಸಿಮೆಂಟಿನಂತೆ ಕೂತಿರುತ್ತದೆ. ಅದಕ್ಕೆ ನೂರೈವತ್ತರಿಂದ ನೂರೆಂಬತ್ತು ಬಾರ್ ಬೇಕು. ಒತ್ತಡಕ್ಕಿಂತಲೂ ನಿಮಿಷಕ್ಕೆ ಎಷ್ಟು ಲೀಟರ್ ನೀರು ಬರುತ್ತದೆ ಎನ್ನುವುದು ಮುಖ್ಯ, ಏಕೆಂದರೆ ಒತ್ತಡ ಮಣ್ಣನ್ನು ಒಡೆದರೂ ಕೊಚ್ಚಿಕೊಂಡು ಹೋಗಲು ನೀರೇ ಬೇಕು. ಬೇರಿಂಗಿಗೆ, ರೇಡಿಯೇಟರಿಗೆ ನೇರವಾಗಿ ಹೊಡೆಯಬಾರದು, ಗ್ರೀಸು ಹೊರಗೆ ಬಂದು ನೀರು ಒಳಗೆ ಹೋಗುತ್ತದೆ. ಇಷ್ಟು ಹೇಳಿ ಕರೆಂಟಿನ ವಿಷಯ ಕೇಳಿದೆ.

"ತ್ರೀ ಫೇಸ್ ದಿನಕ್ಕ ನಾಕ್ ತಾಸು ಬಂದ್ರ ಪುಣ್ಯಾರಿ" ಎಂದರು ಈರಪ್ಪ. "ಸಿಂಗಲ್ ಫೇಸಿನ್ಯಾಗ ಫ್ಯಾನೂ ತಿರಗಂಗಿಲ್ಲ."

"ಹಂಗಾದ್ರ ಮೋಟರಿಂದು ಮರೀರಿ. ಪೆಟ್ರೋಲ್ ಎಂಜಿನ್ನಿಂದು ಒಯ್ರಿ. ಕಣ್ಣ ಮುಚ್ಚಿ ಒಯ್ರಿ."

ಒಯ್ದರು. ಆರೂವರೆ ಹಾರ್ಸ್ ಪವರಿನ ಎಂಜಿನ್. ನಾನೇ ಹೋಗಿ ಅಂಗಳದಲ್ಲಿ ನಡೆಸಿ ತೋರಿಸಿದೆ. ಮದುವೆಯೂ ಆಯಿತು. ಕಿತ್ತೂರು ಹತ್ತಿರದ ದೇಗಾಂವದ ಹುಡುಗಿ, ಹೆಸರು ಶೋಭಾ. ನನಗೂ ಲಗ್ನಪತ್ರಿಕೆ ಬಂದಿತ್ತು, ಕೆಲಸದ ಗಡಿಬಿಡಿಯಲ್ಲಿ ಹೋಗಲಾಗಲಿಲ್ಲ.

ಎರಡು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಅಂಗಡಿಗೆ ಫೋನ್ ಬಂತು. ಹೆಣ್ಣುಮಗಳ ದನಿ, ಬಹಳ ಸಣ್ಣಗೆ, ಯಾರಿಗೋ ಕೇಳಿಸಬಾರದು ಎನ್ನುವಂತೆ. ಮಷೀನಿನ ಮೇಲಿದ್ದ ಸ್ಟಿಕ್ಕರಿನಿಂದ ನಂಬರು ತೆಗೆದುಕೊಂಡೆ ಎಂದಳು. ಹೆಸರು ಹೇಳಲಿಲ್ಲ.

"ತೊಳಿಯೂ ಮಷೀನಿನ ಹೊಗಿಯಿಂದ ಮನಷ್ಯಾರಿಗೆ ಏನರ ಆಗತೈತೇನ್ರಿ?"

ನಾನು ನಕ್ಕುಬಿಟ್ಟೆ. "ಏ ತಂಗಿ, ನಾವು ಟ್ರ್ಯಾಕ್ಟರ್ ಹೊಗಿ ಕುಡದ ದೊಡ್ಡಾವ್ರಾದೇವಿ. ಈ ಮಷೀನಿನ ಹೊಗಿ ಕಣ್ಣಿಗೂ ಕಾಣಂಗಿಲ್ಲ, ಅದೇನ್ ಮಾಡತೈತಿ?"

ಆಕೆ ಏನೋ ಹೇಳಲು ಹೊರಟಳು. ಅಷ್ಟರಲ್ಲಿ ನಾನು ಫೋನ್ ಇಟ್ಟಿದ್ದೆ. ಅಂಗಡಿಯ ಹುಡುಗರಿಗೆ ಹೇಳಿ ಇನ್ನೊಂದು ಸಲ ನಕ್ಕೆ.

ಮೂರು ತಿಂಗಳಿಗೆ ಮಷೀನಿನ ಮೊದಲ ಸರ್ವಿಸ್. ಈರಪ್ಪನವರ ಊರಿಗೆ ನಾನು ಹೋದ ದಿನ ಅಮಾವಾಸ್ಯೆಯಾಗಿತ್ತು. ಬೆಳಗಿನ ಹತ್ತು ಗಂಟೆ, ಒಳ್ಳೆ ಬಿಸಿಲು. ಹೊಸ ಸೊಸೆ ಬಂದ ಮನೆಯಲ್ಲಿ ಇರಬೇಕಾದ ಗದ್ದಲ ಅಲ್ಲಿರಲಿಲ್ಲ. ಕಟ್ಟೆಯ ಮೇಲೆ ಒಂದು ಹೊಸ ಟ್ರಂಕು, ಪಕ್ಕದಲ್ಲಿ ತಲೆ ತಗ್ಗಿಸಿ ಕೂತ ಹುಡುಗಿ. ಈರಪ್ಪನ ತಾಯಿ ನೀಲವ್ವ ಬಾಗಿಲಲ್ಲಿ ನಿಂತು ನನ್ನನ್ನು ಒಳಗೆ ಕರೆದರು. ಈರಪ್ಪನ ಹೆಂಡತಿ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆ ಈ ಮುದುಕಿಯದೇ. ಚಹಾ ಕೊಟ್ಟು, ದನಿ ತಗ್ಗಿಸಿ, ಮೂರು ತಿಂಗಳ ಕಥೆಯನ್ನೆಲ್ಲ ಹೇಳಿದರು.

ಆ ಮನೆಯಲ್ಲಿ ಪ್ರತಿ ಅಮಾವಾಸ್ಯೆಗೆ ಟ್ರ್ಯಾಕ್ಟರನ್ನು ತೊಳೆದು ಪೂಜೆ ಮಾಡುವ ಪದ್ಧತಿ. ನಮ್ಮ ಕಡೆ ಅದು ಎಲ್ಲ ಮನೆಗಳಲ್ಲೂ ಇದೆ. ಆದರೆ ಇಲ್ಲಿ ಇನ್ನೊಂದು ನಿಯಮವಿತ್ತು. ತೊಳೆಯಲು ಶುರು ಮಾಡಿದ ಮೇಲೆ ವಿಭೂತಿ ಹಚ್ಚಿ ಲಿಂಬಿಹಣ್ಣು ಕಟ್ಟುವವರೆಗೆ ಶೆಡ್ಡಿನ ಬಾಗಿಲು ತೆರೆಯಬಾರದು. ತೊಳೆದ ಗಾಡಿ ಬರಿಮೈಯ ಗಾಡಿ, ಅದರ ಮೇಲೆ ಹೊರಗಿನವರ ಕಣ್ಣು ಬೀಳಬಾರದು. ನೀಲವ್ವನ ಗಂಡ ಹಾಕಿಕೊಟ್ಟ ನಿಯಮ. ಆತ ತೀರಿಕೊಂಡು ಹತ್ತು ವರ್ಷವಾಗಿತ್ತು.

ಸೊಸೆ ಬಂದ ಮೊದಲ ಅಮಾವಾಸ್ಯೆಗೆ ಎಲ್ಲರಿಗೂ ತಲೆನೋವು, ಈರಪ್ಪನಿಗೆ ವಾಂತಿ. ಶೆಡ್ಡಿನ ಜಂತಿಯಲ್ಲಿ ಗೂಡು ಕಟ್ಟಿದ್ದ ಗುಬ್ಬಿಗಳು ಪೂಜೆ ಮುಗಿಯುವುದರೊಳಗೆ ನೆಲಕ್ಕೆ ಬಿದ್ದು ಸತ್ತಿದ್ದವು. ಏಳು ಗುಬ್ಬಿ, ಮೈಮೇಲೆ ಒಂದು ಗಾಯವಿಲ್ಲ. ಎರಡನೆಯ ಅಮಾವಾಸ್ಯೆಗೆ ಸಂಗಮೇಶ ನಿಂತಲ್ಲೇ ಕುಸಿದ. ಆರತಿ ಹಿಡಿದು ನಿಂತಿದ್ದ ನೀಲವ್ವನಿಗೆ ಟ್ರ್ಯಾಕ್ಟರಿನ ಹಿಂದೆ ಗಂಡ ಕಾಣಿಸಿದ. ಆಮೇಲೆ ಮನೆಯ ನಾಯಿಯೂ ಶೆಡ್ಡಿನ ಹೊಸ್ತಿಲು ದಾಟುವುದನ್ನು ಬಿಟ್ಟಿತು.

"ಅವ್ರು ಸುಮ್ನ ನನ್ನ ನೋಡ್ಕೋತ ನಿಂತಿದ್ರು" ಎಂದರು ನೀಲವ್ವ. "ಹತ್ತ್ ವರ್ಷ ಬರದವ್ರು ಈಗ ಯಾಕ ಬಂದ್ರು? ಈಕಿ ಕಾಲ್ಗುಣ ಅವ್ರಿಗೆ ಸರಿಬಂದಿಲ್ಲ. ಮಧ್ಯಾಹ್ನ ಈಕಿ ಅಪ್ಪ ಬರ್ತಾನ್ರಿ. ಕರ್ಕೊಂಡ ಹೋಗ್ಲಿ, ತಿರಗಿ ಕಳಸೂದು ಬ್ಯಾಡ."

ದೆವ್ವ ಎಂದರೆ ನನಗೆ ಮೊದಲಿನಿಂದಲೂ ಸಿಟ್ಟು. ಕಾಗೆ ಕೂಡುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಗಿದೆ, ಅಷ್ಟಕ್ಕೆ ಒಂದು ಹುಡುಗಿಯ ಬಾಳು ಹಾಳಾಗಬೇಕೇ? ಟ್ರಂಕಿನ ಪಕ್ಕ ಕೂತವಳನ್ನು ನೋಡಿ ಚಹಾದ ಲೋಟ ಕೆಳಗಿಟ್ಟೆ. "ಇವತ್ತ ನಾನೂ ಒಳಗ ಇರ್ತೇನ್ರಿ ಅವ್ವಾರ. ನಿಮ್ಮ ಮಾಲಕ್ರು ಬಂದ್ರ ನಾನ ಮಾತಾಡಸ್ತೇನಿ" ಎಂದೆ. ಸೊಸೆಯನ್ನು ಹೊರಗೇ ಇರಿಸಿದರು. ಪೂಜೆಯ ತಯಾರಿಗೆ ನೀಲವ್ವ ಮನೆಯೊಳಗೆ ಉಳಿದರು. ಈರಪ್ಪ, ಸಂಗಮೇಶ, ನಾನು ಶೆಡ್ಡಿನೊಳಗೆ ಹೋದೆವು. ಬಾಗಿಲು ಮುಚ್ಚಿದರು.

ಕಲ್ಲಿನ ಗೋಡೆ, ತಗಡಿನ ಮಾಡು. ಇಪ್ಪತ್ತಡಿ ಅಗಲ, ಮೂವತ್ತಡಿ ಉದ್ದ. ಗೋಡೆಯಲ್ಲಿ ಎರಡು ಕಿಂಡಿಗಳಿದ್ದವು, ಗೋವಿನಜೋಳದ ಚೀಲಕ್ಕೆ ಇಲಿ ಬರಬಾರದೆಂದು ಎರಡಕ್ಕೂ ಗೋಣಿ ತುರುಕಿದ್ದರು. ತಗಡಿನ ತೂತುಗಳಿಂದ ಇಳಿದ ಬಿಸಿಲಿನ ಕೋಲುಗಳು ಬಿಟ್ಟರೆ ಎಲ್ಲ ಮಬ್ಬು. ನಾನೇ ಹಗ್ಗ ಎಳೆದು ಎಂಜಿನ್ ಚಾಲೂ ಮಾಡಿದೆ. ಸಂಗಮೇಶ ನೀರು ಚಿಮ್ಮುವ ಗನ್ ಹಿಡಿದ. ನೀರಿನ ತುಂತುರು ಏಳುತ್ತಿದ್ದಂತೆ ಶೆಡ್ಡಿನ ತುಂಬ ಬಿಳಿ ಮಂಜು ನಿಂತಿತು, ಸೋಪಿನ ವಾಸನೆ ಮೂಗಿಗೆ ಹಿತವಾಗಿ ಬಡಿಯಿತು.

ಹತ್ತು ನಿಮಿಷವಾಗಿರಬೇಕು. ಹಣೆಯ ನರ ಟಪ್ ಟಪ್ ಎಂದು ಹೊಡೆದುಕೊಳ್ಳಲು ಶುರುವಾಯಿತು. ಸ್ವಲ್ಪ ಹೊತ್ತಿಗೆ ಆ ಸದ್ದು ತಲೆಯೊಳಗಿಂದ ಹೊರಗೆ ಬಂದು, ಯಾರೋ ಜೀರುಗುಟ್ಟುವ ತೊಗಲಿನ ಚಪ್ಪಲಿ ಮೆಟ್ಟಿಕೊಂಡು ಟ್ರ್ಯಾಕ್ಟರಿನ ಸುತ್ತ ನಡೆದಂತೆ ಕೇಳಿಸಿತು. ಒಂದು ಸುತ್ತು. ಇನ್ನೊಂದು ಸುತ್ತು. ನನ್ನ ಬೆನ್ನ ಹಿಂದೆ ಬಂದಾಗ ಮಾತ್ರ ನಿಲ್ಲುತ್ತಿತ್ತು. ತಿರುಗಿ ನೋಡಿದರೆ ಚೀಲಗಳು. ಮುಂದೆ ನೋಡಿದೆ. ಈರಪ್ಪ ಬಾನೆಟ್ ಕಡೆ, ಸಂಗಮೇಶ ಮುಂದಿನ ಗಾಲಿ ಕಡೆ. ಹಿಂದಿನ ದೊಡ್ಡ ಗಾಲಿಯ ಬಳಿ, ಮಂಜಿನಲ್ಲಿ, ತಲೆಗೆ ಪಟಗ ಸುತ್ತಿದ ಒಬ್ಬ ಮುದುಕ ಮಡ್‌ಗಾರ್ಡನ್ನು ಅಂಗೈಯಿಂದ ಒರೆಸುತ್ತಿದ್ದ. ಅವಸರವಿಲ್ಲದೆ, ಎತ್ತಿನ ಬೆನ್ನು ಸವರುವಂತೆ.

ನನಗೆ ಹೆದರಿಕೆಯೇ ಆಗಲಿಲ್ಲ. ಇಂದು ನೆನೆದರೆ ಮೈ ಜುಮ್ ಎನ್ನುವುದು ಅದಕ್ಕೇ. ಬಹಳ ದಣಿದವನಿಗೆ ಹಾಸಿಗೆ ಕಂಡಂತೆ ಹಿತವಾಗಿತ್ತು. ಕೂಡು ಎಂದು ಯಾರೋ ಹೇಳಿದಂತಾಯಿತು, ಮೊಣಕಾಲು ತಾವೇ ಮಡಚಿದವು. ಸಂಗಮೇಶ ಗನ್ ಕೈಬಿಟ್ಟು ಚೀಲಕ್ಕೆ ಒರಗಿದ್ದು ಕಂಡಿತು. ಅವನನ್ನು ಕೂಗಬೇಕು ಎಂದು ಗೊತ್ತಿತ್ತು. ನಾಲಗೆ ಏಳಲಿಲ್ಲ. ಮುದುಕ ಒರೆಸುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗತೊಡಗಿದ.

ಅಷ್ಟರಲ್ಲಿ ದಡಾರನೆ ಬಾಗಿಲು ತೆರೆಯಿತು. ಬಿಸಿಲು ಮುಖಕ್ಕೆ ರಾಚಿತು.

"ಹೊರಗ ಬರ್ರಿ! ಉಸರ ಹಿಡೀರಿ, ಹೊರಗ ಬರ್ರಿ!"

ಶೋಭಾ. ಆ ದನಿಯನ್ನು ನಾನು ಫೋನಿನಲ್ಲಿ ಕೇಳಿದ್ದೆ.

ಗಾಡಿಗೆ ನೀರು ಬಡಿಯುವ ಸದ್ದು ನಿಂತು ಎಂಜಿನ್ ಸದ್ದಷ್ಟೇ ಕೇಳಿದಾಗ ಒಳಗಿನವರು ಬಿದ್ದರೆಂದು ಆಕೆಗೆ ಹೊಳೆಯಿತಂತೆ. ಸೆರಗನ್ನು ಮೂಗಿಗೆ ಕಟ್ಟಿಕೊಂಡು ಒಳಗೆ ನುಗ್ಗಿ ಎಂಜಿನ್ ಬಂದ್ ಮಾಡಿ, ಗಂಡನ ರಟ್ಟೆ ಹಿಡಿದು ಎಳೆದಳು. ಕೂಗು ಕೇಳಿ ಬಂದ ಪಕ್ಕದ ಮನೆಯವರು ಬಾನೆಟ್ ಬಳಿ ಬಿದ್ದಿದ್ದ ಈರಪ್ಪನನ್ನು ಎತ್ತಿ ತಂದರು. ನಾನು ಅಂಬೆಗಾಲಿನಲ್ಲಿ ಹೊಸ್ತಿಲು ದಾಟಿ ಅಂಗಳದಲ್ಲಿ ವಾಂತಿ ಮಾಡಿಕೊಂಡೆ. ಮನೆಯೊಳಗಿಂದ ಓಡಿ ಬಂದ ನೀಲವ್ವ ಹಣೆ ಹಣೆ ಬಡಿದುಕೊಂಡರು: "ಬಾಗಲಾ ಯಾಕ ತಗದಿ? ನಿನ್ನ ಕಣ್ಣ ಬೀಳಬಾರದಂತನ ಹೊರಗ ಕುಂದರಿಸಿದ್ದೆ!"

ಮಗಳನ್ನು ಕರೆದೊಯ್ಯಲು ಆಕೆಯ ಅಪ್ಪ ತಂದ ಗಾಡಿ ಅದೇ ಹೊತ್ತಿಗೆ ಬಂತು. ಅದರಲ್ಲೇ ನಮ್ಮನ್ನು ಹಾಕಿಕೊಂಡು ರಾಮದುರ್ಗದ ಆಸ್ಪತ್ರೆಗೆ ಓಡಿದರು. ಮೂವರಿಗೂ ಆಕ್ಸಿಜನ್ ಹಚ್ಚಿದರು. ಇನ್ನು ಐದು ನಿಮಿಷ ತಡವಾಗಿದ್ದರೆ ಮೂರು ಹೆಣ ಎಂದರು ಡಾಕ್ಟರು.

ಡಾಕ್ಟರು ಹೇಳುವ ಮೊದಲೇ ನನಗೆ ಎಲ್ಲ ಗೊತ್ತಾಗಿತ್ತು. ಪೆಟ್ರೋಲ್ ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಜಾಗದಲ್ಲಿ ತುಂಬಿಕೊಂಡರೆ ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿಯುತ್ತದೆ. ತಲೆನೋವು, ವಾಂತಿ, ಇಲ್ಲದ್ದು ಕಾಣುವುದು, ಆಮೇಲೆ ನಿದ್ದೆ, ಆ ನಿದ್ದೆಯಿಂದ ಏಳುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ನಡೆಸಬೇಡಿ ಎಂದು ಮಷೀನಿನ ಪುಸ್ತಕದ ಮೊದಲ ಪುಟದಲ್ಲೇ ಬರೆದಿದೆ. ನಾನು ಅದನ್ನು ನೂರು ಸಲ ತಿರುವಿ ಹಾಕಿದ್ದೆ. ಕೊಡದಿಂದ ನೀರು ಸುರಿದು ತೊಳೆಯುತ್ತಿದ್ದಷ್ಟು ವರ್ಷ ಆ ಮುಚ್ಚಿದ ಬಾಗಿಲು ಯಾರಿಗೂ ಏನೂ ಮಾಡಿರಲಿಲ್ಲ. ನಾನು ಮಷೀನು ಕೊಟ್ಟೆ, ಅದೇ ವಾರ ಸೊಸೆ ಬಂದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದರು.

ಸಂಜೆ ವಾರ್ಡಿನಲ್ಲಿ ಎಲ್ಲರೆದುರು ಇದನ್ನು ಹೇಳಿದೆ. ಮಷೀನು ಆರಿಸಿದವನು ನಾನು, ತಪ್ಪು ನನ್ನದು ಎಂದೆ. ಅಷ್ಟು ಹೇಳಿ, ನಿಜ ಹೇಳಬೇಕೆಂದರೆ, ನನಗೆ ಸ್ವಲ್ಪ ಹಗುರಾಯಿತು. ದೊಡ್ಡ ಮನುಷ್ಯನಾದೆ ಎಂದೂ ಅನಿಸಿರಬೇಕು. ಫೋನಿನ ಮಾತು ಮಾತ್ರ ಬಾಯಿಗೆ ಬರಲಿಲ್ಲ.

ಈರಪ್ಪ ಮಂಚದ ಮೇಲಿಂದಲೇ ಸೊಸೆಗೆ ಕೈಮುಗಿದರು. "ತಪ್ಪಾತವಾ. ಆದ್ರ ಇದು ಯಾರಿಗೆ ಗೊತ್ತಿತ್ತು ಹೇಳು?"

ಶೋಭಾ ಮಾವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಬೇಕಾಗಿದ್ದರೆ ಆ ಕ್ಷಣ ನನ್ನ ಮಾನ ಕಳೆಯಬಹುದಿತ್ತು. ಆಕೆ ಸುಮ್ಮನಿದ್ದದ್ದನ್ನು ನನ್ನಿಂದ ಸಹಿಸಲಾಗಲಿಲ್ಲ.

"ಈಕಿಗೆ ಗೊತ್ತಿತ್ರಿ" ಎಂದೆ. "ಹಿಂದಿನ ತಿಂಗಳ ನನಗ ಫೋನ್ ಮಾಡಿ ಕೇಳಿದ್ಲು. ನಾನು ನಕ್ಕ ಫೋನ್ ಇಟ್ಟೆ."

ನೀಲವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಸಂಗಮೇಶ ಹೆಂಡತಿಯತ್ತ ಕೈಚಾಚಿ, "ನನಗ ಯಾಕ ಹೇಳಲಿಲ್ಲ ಶೋಭಾ?" ಎಂದ.

"ಗುಬ್ಬಿ ಸತ್ತಾಗನ ನಿಮಗೂ ಹೇಳಿದ್ನೆಲ್ರಿ, ಇದು ಹೊಗಿದ ಇರಬೇಕಂತ. ಅಜ್ಜಿ ಮುಂದ ಇಂಥಾ ಮಾತ ಆಡಬ್ಯಾಡ ಅಂದ್ರಿ ನೀವು." ಆಕೆ ಅಪ್ಪನ ಕಡೆ ತಿರುಗಿದಳು. "ಅಪ್ಪಾ, ಕಟ್ಟಿ ಮ್ಯಾಲಿನ ಟ್ರಂಕ್ ಗಾಡ್ಯಾಗ ಹಾಕು. ನಾ ದೇಗಾಂವಕ್ಕ ಬರ್ತೇನಿ. ಇವ್ರು ಕಳಿಸ್ಯಾರ ಅಂತ ಅಲ್ಲ, ನಾನ ಹೊಂಟೇನಿ. ಮಾವಾರ, ಆ ಶೆಡ್ಡಿನ ಬಾಗಲಾ ಕಿತ್ತ ದಿನ ಹೇಳ್ಕಳಸ್ರಿ, ತಿರಗಿ ಬರ್ತೇನಿ."

ಹೋದಳು. ಈರಪ್ಪ ಎಂಟು ದಿನ ತಡೆದರು, ಒಂಬತ್ತನೆಯ ದಿನ ಬಡಿಗೇರನನ್ನು ಕರೆಸಿ ಶೆಡ್ಡಿನ ಬಾಗಿಲಿನ ಎರಡೂ ಕದ ಕೀಳಿಸಿದರು. ಆಕೆ ಬಂದಳು. ಈಗ ಆ ಮನೆಯಲ್ಲಿ ಟ್ರ್ಯಾಕ್ಟರನ್ನು ಊರ ಕಣ್ಣೆದುರಿಗೇ ತೊಳೆಯುತ್ತಾರೆ. ನಾನು ಪೆಟ್ರೋಲ್ ವಾಷರ್ ಕೊಟ್ಟ ಪ್ರತಿ ಊರಿಗೂ ಎಚ್ಚರ ಹೇಳಲು ಮತ್ತೆ ಹೋದೆ. ಇನ್ನೂ ಎರಡು ಮನೆಯಲ್ಲಿ, ಬೇರೆ ಬೇರೆ ಕಾರಣಕ್ಕೆ, ಬಾಗಿಲು ಮುಚ್ಚಿಕೊಂಡೇ ತೊಳೆಯುತ್ತಿದ್ದರು.

ಹೋದ ವರ್ಷ ಈರಪ್ಪನವರ ಮನೆಗೆ ಹೋಗಿದ್ದಾಗ ನೀಲವ್ವ ನನ್ನ ಪಕ್ಕ ಬಂದು ಕೂತರು. "ಬಾಗಲಾ ಕಿತ್ತ ಮ್ಯಾಲೆ ಅವ್ರು ಒಂದ್ಸಲಾನೂ ಬಂದಿಲ್ರಿ" ಎಂದರು. ಆ ದನಿಯಲ್ಲಿ ನೆಮ್ಮದಿ ಇರಲಿಲ್ಲ, ದುಃಖವೇ ಇತ್ತು. ಗಂಡನ ಫೋಟೋ ತೋರಿಸಲು ಒಳಗೆ ಕರೆದರು. ಇಲ್ಲದ್ದು ಕಾಣುವುದಕ್ಕೆ ವಿಜ್ಞಾನ ಕೊಡುವ ಕಾರಣ ನನಗೆ ಬಾಯಿಪಾಠ ಇದೆ. ಆದರೂ ಬಸ್ಸಿಗೆ ಹೊತ್ತಾಯಿತು ಎಂದು ಸುಳ್ಳು ಹೇಳಿ ಎದ್ದು ಬಂದೆ. ಆ ಫೋಟೋವನ್ನು ನಾನು ನೋಡಿಲ್ಲ, ನೋಡುವುದೂ ಇಲ್ಲ.

ನಿವೃತ್ತಿಯಾದ ಮೇಲೂ ಯಾವ ವಾಷರ್ ಕೊಳ್ಳಬೇಕು ಎಂದು ಕೇಳಿಕೊಂಡು ಜನ ಬರುತ್ತಾರೆ. ಗಂಡಸರು ಮುಂದೆ ಕೂತು ಬಾರ್ ಎಷ್ಟು, ಲೀಟರ್ ಎಷ್ಟು ಎನ್ನುತ್ತಾರೆ, ನಾನು ಹೇಳುತ್ತೇನೆ. ಎಲ್ಲ ಮುಗಿದ ಮೇಲೆ, ಹಿಂದೆ ಬಾಗಿಲ ಬಳಿ ಮಾತಾಡದೆ ನಿಂತವರು ಯಾರು ಎಂದು ನೋಡುತ್ತೇನೆ. "ತಂಗಿ, ನೀ ಏನರ ಕೇಳೂದೈತೇನು?" ಎನ್ನುತ್ತೇನೆ. ಮೊದಲು ಇಲ್ಲ ಎಂದೇ ತಲೆ ಅಲ್ಲಾಡಿಸುತ್ತಾರೆ. ನಾನು ಚಹಾ ತರಿಸಿ, ಬಾಯಿ ಮುಚ್ಚಿಕೊಂಡು ಕಾಯುತ್ತೇನೆ.